ಗಾಡಿ ಇಳಿಸೋ ಮುಂಚೆ ಶಾಕ್ ನೋಡಿ

ನಮ್ಮ ಹಾಸ್ಟೆಲ್ಲಿನ ಮೆಕ್ಯಾನಿಕಲ್ ಹುಡುಗರ ರೂಮಿನಲ್ಲಿ ರಾತ್ರಿ ಹನ್ನೊಂದರ ಮೇಲೆ ನಡೆಯೋ ವಾದಗಳು ಮೂರೇ: ಆರ್‌ಸಿಬಿ, ಬ್ಯಾಕ್‌ಲಾಗ್, ಸಸ್ಪೆನ್ಷನ್. ಮೊದಲೆರಡರ ಬಗ್ಗೆ ಈ ಪತ್ರಿಕೆಯಲ್ಲಿ ಬರೆಯೋಕೆ ಬೇರೆಯವರಿದ್ದಾರೆ. ಮೂರನೆಯದರ ಬಗ್ಗೆ ನಾವು ನಾಲ್ವರು ಸೇರಿ ಬರೀತಿದ್ದೀವಿ. ಯಾಕೆ ಅಂದ್ರೆ ಕಳೆದ ಸೆಮಿಸ್ಟರ್ ರಜೆಯಲ್ಲಿ ಈ ವಾದ ರೂಮಿನಿಂದ ಹೊರಗೆ ಹೋಗಿ, ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ನಮ್ಮನ್ನೇ ಹುಡುಕಿಕೊಂಡು ಬಂತು.

ನಮ್ಮಲ್ಲೊಬ್ಬನ ಮನೆಯಲ್ಲಿ ಪೋಲೋ ಜಿಟಿ ಟಿಎಸ್‌ಐ ಇದೆ. 2013ರಲ್ಲಿ ಭಾರತಕ್ಕೆ ಬಂದ ಮಾದರಿ, 1.2 ಲೀಟರ್ ಟರ್ಬೋ ಎಂಜಿನ್, 105 ಪಿಎಸ್, 7 ಗೇರಿನ ಡಿಎಸ್‌ಜಿ. 2022ರಲ್ಲಿ ಪೋಲೋನೇ ನಿಂತುಹೋದ ಮೇಲೆ ಇದ್ದವರು ಅದನ್ನು ಮನೆಮಗನ ಥರ ನೋಡ್ಕೋತಾರೆ. ನಮ್ಮವನ ಸಂಕಟ ಒಂದೇ: ಟೈರಿಗೂ ಮೇಲಿನ ಫೆಂಡರಿಗೂ ನಡುವೆ ನಾಲ್ಕು ಬೆರಳು ಆರಾಮಾಗಿ ತೂರುತ್ತೆ. ಗಾಡಿ ಸ್ವಲ್ಪ ಕೆಳಗೆ ಕೂತ್ರೆ ಚೆನ್ನಾಗಿ ಕಾಣುತ್ತೆ, ತಿರುವಿನಲ್ಲಿ ಅಂಟಿಕೊಂಡು ಹೋಗುತ್ತೆ. ಇಂಟರ್ನ್‌ಶಿಪ್‌ನ ಸ್ಟೈಪೆಂಡ್ ಕೂಡಿಟ್ಟಿದ್ದ. ಇಲ್ಲಿಂದ ಶುರುವಾಯ್ತು ಪ್ರಶ್ನೆ: ಲೋಯರಿಂಗ್ ಸ್ಪ್ರಿಂಗಾ, ಕಾಯಿಲ್‌ಓವರಾ?

ಗೊತ್ತಿಲ್ಲದವರಿಗೆ ಎರಡು ಮಾತು. ಲೋಯರಿಂಗ್ ಸ್ಪ್ರಿಂಗ್ ಅಂದ್ರೆ ಕಂಪನಿ ಕೊಟ್ಟ ಸ್ಪ್ರಿಂಗ್ ತೆಗೆದು ಅದರ ಜಾಗಕ್ಕೆ ಗಿಡ್ಡ, ಸ್ವಲ್ಪ ಬಿಗಿಯಾದ ಸ್ಪ್ರಿಂಗ್ ಹಾಕೋದು. ಶಾಕ್ ಅಬ್ಸಾರ್ಬರ್ ಹಳೇದೇ ಇರುತ್ತೆ. ಕಾಯಿಲ್‌ಓವರ್ ಅಂದ್ರೆ ಸ್ಪ್ರಿಂಗು, ಶಾಕು ಎರಡೂ ಹೊಸದಾಗಿ ಜೊತೆಯಾಗಿ ಬರೋ ಸೆಟ್ಟು. ಮೈಮೇಲೆ ಮರೆ ಇರುತ್ತೆ, ಕಾಲರ್ ತಿರುಗಿಸಿ ಎತ್ತರ ಬದಲಿಸಬಹುದು. ನಮಗೆ ಸಿಕ್ಕ ಕೊಟೇಶನ್ನಿನಲ್ಲಿ ಸ್ಪ್ರಿಂಗಿಗೆ ಇಪ್ಪತ್ತೈದು ಸಾವಿರದ ಆಸುಪಾಸು, ಅಗ್ಗದ ಕಾಯಿಲ್‌ಓವರಿಗೆ ಎಂಬತ್ತು ಸಾವಿರ, ಒಳ್ಳೇದಕ್ಕೆ ಒಂದೂವರೆ ಲಕ್ಷದ ಮೇಲೆ. ಜೇಬು ಉತ್ತರ ಹೇಳ್ತು. ಸ್ಪ್ರಿಂಗ್ ಬಂತು. 35 ಮಿ.ಮೀ. ಇಳಿಸೋ ಸ್ಪ್ರಿಂಗು, ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದ ಹಳೇ ಶಾಕಿನ ಮೇಲೆ ಕೂತಿತು. ಗ್ಯಾರೇಜಿನ ಅಣ್ಣ ಒಂದು ಮಾತು ಹೇಳಿದ್ರು, "ಶಾಕೂ ಹಾಕ್ಬಿಡಿ, ಬಿಚ್ಚಿದೀನಲ್ಲ, ಲೇಬರ್ ಒಂದೇ ಆಗುತ್ತೆ" ಅಂತ. ವ್ಯಾಪಾರದ ಮಾತು ಅಂದ್ಕೊಂಡ್ವಿ.

ಮುಂದಿನ ವಾರ ಹಾಸನದಿಂದ ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಇಳಿದು ಉಜಿರೆಗೆ ಹೋದ್ವಿ. ವಾಪಸ್ ಘಾಟಿ ಹತ್ತುವಾಗ ಒಂದು ಎಡ ತಿರುವು, ಅದರ ನಡುವೆ ರಸ್ತೆ ಒಂದಿಷ್ಟು ಕುಸಿದ ಜಾಗ. ವೇಗ ಹೆಚ್ಚೇನಿರಲಿಲ್ಲ, ಐವತ್ತರ ಒಳಗೇ. ಮುಂದಿನ ಬಲಗಡೆ 'ಟಕ್' ಅಂತ ಸದ್ದಾಯ್ತು, ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ತಿರುಗಲಿಲ್ಲ, ಆಚೆ ಬದಿಯ ಲೇನಿಗೆ ಜಾರಿತು. ಎದುರಿಗೆ ಬಸ್ಸು. ಡ್ರೈವರಣ್ಣ ತಮ್ಮ ಗಾಡಿನ ರಸ್ತೆ ಅಂಚಿಗೆ ಒತ್ತಿ ನಮ್ಮನ್ನ ಉಳಿಸಿದ್ರು. ಕೊಟ್ಟಿಗೆಹಾರದ ತನಕ ಯಾರೂ ಮಾತಾಡಲಿಲ್ಲ. ಅಲ್ಲಿ ನೀರುದೋಸೆ ಮುಂದಿಟ್ಟುಕೊಂಡು ಕೂತಾಗ ಗಾಡಿಯವನು ಹೇಳಿದ: "ಇದರಲ್ಲೇ ಕಣ್ರೋ, ಅಜ್ಜೀನ ತಿಂಗಳಿಗೊಂದ್ಸಲ ಆಸ್ಪತ್ರೆಗೆ ಕರ್ಕೊಂಡು ಹೋಗೋದು."

ಏನಾಯ್ತು ಅಂತ ಕಾಲೇಜಿಗೆ ಬಂದ ಮೇಲೆ ಲೆಕ್ಕ ಹಾಕಿದ್ವಿ. ಮೂರನೇ ಸೆಮಿಸ್ಟರಿನಲ್ಲಿ ಕಣ್ಣು ಮುಚ್ಚಿಕೊಂಡು ಬಾಯಿಪಾಠ ಮಾಡಿದ ಸೂತ್ರಗಳೇ ಸಾಕಾದವು. ಸ್ಪ್ರಿಂಗು ಕುಗ್ಗುವಾಗ ಹಿಡಿದಿಡೋ ಶಕ್ತಿ, ಬಿಗಿತನ ಇಂಟು ಕುಗ್ಗಿದ ದೂರದ ವರ್ಗ, ಅದರ ಅರ್ಧ. ಗಾಡಿ ನಿಂತ ಸ್ಥಿತಿಯಿಂದ ಬಂಪ್ ಸ್ಟಾಪ್ ಅನ್ನೋ ರಬ್ಬರ್ ತುಂಡಿಗೆ ತಾಗೋವರೆಗೆ 80 ಮಿ.ಮೀ. ಜಾಗ ಇದೆ ಅಂತ ಇಟ್ಟುಕೊಳ್ಳಿ. 35 ಇಳಿಸಿದ್ರೆ ಉಳಿಯೋದು 45. ಅದೇ ಗುಂಡಿಯ ಅದೇ ಏಟನ್ನ 45 ಮಿ.ಮೀ.ನಲ್ಲಿ ತಡೀಬೇಕು ಅಂದ್ರೆ ಸ್ಪ್ರಿಂಗು ಎಷ್ಟು ಬಿಗಿಯಾಗಬೇಕು? 80 ಭಾಗಿಸು 45, ಅದರ ವರ್ಗ: 3.16. ಮೂರು ಪಟ್ಟಿಗಿಂತ ಹೆಚ್ಚು! ಕಾಲೇಜಿನ ಲ್ಯಾಬಿನಲ್ಲಿ ಎರಡೂ ಸ್ಪ್ರಿಂಗನ್ನು ಒತ್ತಿ ನೋಡಿದ್ವಿ. ಹಳೇದು ಮಿ.ಮೀ.ಗೆ 20 ನ್ಯೂಟನ್ ಆಸುಪಾಸು, ಹೊಸದು 25ರ ಆಸುಪಾಸು. ಬೇಕಾಗಿದ್ದು ಮೂರು ಪಟ್ಟು, ಸಿಕ್ಕಿದ್ದು ಕಾಲು ಭಾಗ ಹೆಚ್ಚು. ಬಾಕಿಯೆಲ್ಲ ಆ ರಬ್ಬರ್ ತುಂಡಿನ ತಲೆ ಮೇಲೆ. ತಿರುವಿನ ನಡುವೆ ಅದಕ್ಕೆ ತಾಗಿದ ಕ್ಷಣ ಆ ಮೂಲೆಯ ಬಿಗಿತನ ಒಮ್ಮೆಲೇ ಏರುತ್ತೆ, ಭಾರವೆಲ್ಲ ಹೊರಗಿನ ಟೈರಿಗೆ ಬೀಳುತ್ತೆ, ಟೈರು ಕೈಬಿಡುತ್ತೆ. ನಮ್ಮ 'ಟಕ್' ಅದೇ.

ಇನ್ನೊಂದು ಲೆಕ್ಕ ಶಾಕಿಂದು. ಶಾಕ್ ಬದಲಿಸದೆ ಸ್ಪ್ರಿಂಗ್ ಮಾತ್ರ 25 ಶೇಕಡಾ ಬಿಗಿ ಮಾಡಿದ್ರೆ ಡ್ಯಾಂಪಿಂಗ್ ಅನುಪಾತ ಹತ್ತು ಶೇಕಡಾದಷ್ಟು ಇಳಿಯುತ್ತೆ. ಹೊಸ ಶಾಕಾದ್ರೆ ತಡ್ಕೊಳ್ಳುತ್ತೆ. ಎಪ್ಪತ್ತು ಸಾವಿರ ಓಡಿದ ಶಾಕು ಮೊದಲೇ ಸೋತಿರುತ್ತೆ. ಹಂಪು ದಾಟಿದ ಮೇಲೆ ಗಾಡಿ ಒಂದ್ಸಲ ಏಳೋ ಬದಲು ಎರಡು, ಮೂರು ಸಲ ತೂಗುತ್ತೆ. ಅಜ್ಜಿ ಮೊದಲ ದಿನವೇ ಹೇಳಿದ್ರಂತೆ, "ಇದೇನೋ ಮಗಾ, ತೊಟ್ಟಿಲು ಮಾಡ್ಸಿದೀಯಾ?" ಅಂತ. ಲ್ಯಾಬಿಗೆ ಹೋಗೋ ಮುಂಚೆ ಅವರನ್ನೇ ಕೇಳಬಹುದಿತ್ತು.

ಹಾಗಾದ್ರೆ ಕಾಯಿಲ್‌ಓವರೇ ಸರಿ ಅಲ್ವಾ ಅಂತ ಕೇಳ್ತೀರಿ. ನಮ್ಮ ರೂಮಿನಲ್ಲೂ ಅರ್ಧ ಜನ ಹಾಗೇ ಕುಣಿದ್ರು. ಅಗ್ಗದ ಸೆಟ್ಟುಗಳಲ್ಲಿ ಮುಂದಿನ ಸ್ಪ್ರಿಂಗು ಮಿ.ಮೀ.ಗೆ 6 ಕಿಲೋ ಇರೋದು ಸಾಮಾನ್ಯ, ಅಂದ್ರೆ 59 ನ್ಯೂಟನ್. ನೋಡಿ, ನಮ್ಮ ಲೆಕ್ಕ ಕೇಳಿದ ಮೂರು ಪಟ್ಟು ಇಲ್ಲಿದೆ. ಆದ್ರೆ ಪುಕ್ಕಟೆ ಅಲ್ಲ. ಮುಂದಿನ ಒಂದು ಮೂಲೆಯ ಮೇಲೆ 300 ಕಿಲೋ ಇದೆ ಅಂದ್ಕೊಂಡ್ರೆ, ಹಳೇ ಸ್ಪ್ರಿಂಗಿನಲ್ಲಿ ಗಾಡಿ ಸೆಕೆಂಡಿಗೆ 1.3 ಸಲ ತೂಗೋ ಸ್ವಭಾವದ್ದು, ಇದರಲ್ಲಿ 2.2. ಮನೆಮಂದಿ ಕೂರೋ ಗಾಡಿಗಳು ಇರೋದು 1ರಿಂದ 1.5ರ ನಡುವೆ. 2ರ ಮೇಲೆ ಹೋದ್ರೆ ಅದು ರೇಸ್ ಟ್ರ್ಯಾಕಿನ ಲೋಕ. ಟ್ರ್ಯಾಕಿನಲ್ಲಿ ರಸ್ತೆ ನುಣ್ಣಗಿರುತ್ತೆ, ಅದಕ್ಕೆ ಸರಿ. ಬೇಲೂರು ರಸ್ತೆಯ ಪ್ಯಾಚುಗಳ ಮೇಲೆ ಅಷ್ಟು ಬಿಗಿ ಸ್ಪ್ರಿಂಗಿನ ಚಕ್ರ ರಸ್ತೆ ಬಿಟ್ಟು ಹಾರುತ್ತೆ, ಹಾರಿದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಬಿಗಿ ಇದ್ದಷ್ಟೂ ಹಿಡಿತ ಅನ್ನೋದು ಅರ್ಧ ಸತ್ಯ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ್ಯಾಲಿ ನೋಡಿದವರಿಗೆ ಇದು ಗೊತ್ತು: ಆ ಗಾಡಿಗಳು ನೆಲಕ್ಕೆ ಅಂಟಿಕೊಂಡಿರೋದಿಲ್ಲ, ಎತ್ತರವಾಗಿ ನಿಂತಿರ್ತವೆ, ಚಕ್ರಕ್ಕೆ ಮೇಲೆ ಕೆಳಗೆ ಓಡಾಡೋಕೆ ಬೇಕಾದಷ್ಟು ಜಾಗ ಇರುತ್ತೆ.

ಮಾರೋರು ಹೇಳದ ಇನ್ನೊಂದು ವಿಷಯ. ಪೋಲೋದ ಹಿಂದೆ ಇರೋದು ಟಾರ್ಶನ್ ಬೀಮ್. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಕಾಯಿಲ್‌ಓವರ್ ಸೆಟ್ ತಗೊಂಡ್ರೂ ಹಿಂದೆ ಬರೋದು ಬಿಡಿ ಸ್ಪ್ರಿಂಗು, ಬಿಡಿ ಶಾಕು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅದರಲ್ಲಿ ಕಂಪನಿಯೇ ಶಾಕಿನ ಸುತ್ತ ಸ್ಪ್ರಿಂಗ್ ಸುತ್ತಿ ಕಳಿಸಿದೆ. ಅಂದ್ರೆ ಎಲ್ಲರೂ ಜಗಳಾಡೋ ಈ ಹೆಸರಿನ ಸಾಮಾನು ಮುಂದೆ ಮೊದಲೇ ಇತ್ತು, ಹಿಂದೆ ದುಡ್ಡು ಕೊಟ್ರೂ ಬರಲಿಲ್ಲ! ಹಾಗಾಗಿ ಕೇಳಬೇಕಾದ್ದು ಹೆಸರಲ್ಲ. ಶಾಕು ಆ ಸ್ಪ್ರಿಂಗಿಗೆ ಹೊಂದುತ್ತಾ, ಚಕ್ರಕ್ಕೆ ಎಷ್ಟು ಜಾಗ ಉಳಿಯುತ್ತೆ, ಅಷ್ಟೇ. ಅಗ್ಗದ ಸೆಟ್ಟುಗಳಲ್ಲಿ ಕಾಲರ್ ಇಳಿಸಿದ್ರೆ ಶಾಕಿನ ಓಡಾಟದ ಜಾಗವೂ ಜೊತೆಗೇ ಕಡಿಮೆಯಾಗುತ್ತೆ. ಒಳ್ಳೇವುಗಳಲ್ಲಿ ಕೆಳಗಿನ ಬ್ರ್ಯಾಕೆಟ್ಟನ್ನೇ ಬೇರೆಯಾಗಿ ತಿರುಗಿಸಿ ಎತ್ತರ ಬದಲಿಸೋ ವ್ಯವಸ್ಥೆ ಇರುತ್ತೆ, ಓಡಾಟದ ಜಾಗ ಉಳಿಯುತ್ತೆ. ಬೆಲೆ ಏರೋದಕ್ಕೆ ಅದೂ ಒಂದು ಕಾರಣ. ಮಲೆನಾಡಿನ ಕೆಸರಿಗೆ ಆ ಮರೆ ತುಕ್ಕು ಹಿಡಿದು ಕಚ್ಚಿಕೊಂಡ್ರೆ 'ಅಡ್ಜಸ್ಟಬಲ್' ಅನ್ನೋದು ಡಬ್ಬದ ಮೇಲಿನ ಮಾತಾಗಿ ಉಳಿಯುತ್ತೆ.

ಇಳಿಸಿದ ಗಾಡಿ ತಿರುವಿನಲ್ಲಿ ಕಡಿಮೆ ವಾಲುತ್ತೆ ಅನ್ನೋ ನಂಬಿಕೆಯನ್ನೂ ಸ್ವಲ್ಪ ಅಲುಗಾಡಿಸ್ತೀವಿ. ಮ್ಯಾಕ್‌ಫರ್ಸನ್ ಗಾಡಿ ಇಳಿಸಿದಾಗ ಗುರುತ್ವ ಕೇಂದ್ರ ಇಳಿಯೋದು ನಿಜ. ಆದರೆ ಕೆಳಗಿನ ಆರ್ಮಿನ ಕೋನ ಬದಲಾಗಿ ರೋಲ್ ಸೆಂಟರ್ ಅದಕ್ಕಿಂತ ಬೇಗ ಇಳಿಯುತ್ತೆ. ಎರಡರ ನಡುವಿನ ಅಂತರ ಹೆಚ್ಚಾದಷ್ಟೂ ಗಾಡಿಯನ್ನು ವಾಲಿಸೋ ಸನ್ನೆ ಉದ್ದವಾಗುತ್ತೆ. ಹೊಸ ಸ್ಪ್ರಿಂಗು ಕೊಟ್ಟ ಲಾಭದ ಒಂದು ಪಾಲು ಅಲ್ಲೇ ಸೋರಿ ಹೋಗುತ್ತೆ. ಅದಕ್ಕೇ 15–20 ಮಿ.ಮೀ.ಗಿಂತ ಕೆಳಗೆ ಇಳಿಸೋದು ನೋಟಕ್ಕೆ, ಓಟಕ್ಕಲ್ಲ ಅಂತ ನಾವು ಹೇಳೋದು. ಇಳಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಓಡಿಸೋರಿಗೆ ಟೈರ್ ಅಂಗಡಿಯವರು ಋಣಿಯಾಗಿರ್ತಾರೆ.

ಹಂಪುಗಳ ಮಾತು ಬಿಡೋಕಾಗಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಪೋಲೋದ ಮುಂದಿನ, ಹಿಂದಿನ ಚಕ್ರಗಳ ನಡುವೆ ಇರೋದು ಸುಮಾರು ಎರಡೂವರೆ ಮೀಟರ್. ಆ ಅಳತೆಯ ಹಂಪಿನ ಮೇಲೆ ಇಳಿಸಿದ ಗಾಡಿಯೂ ಇಡಿಯಾಗಿ ಹತ್ತಿ ಇಳಿಯುತ್ತೆ. ಆದ್ರೆ ನಮ್ಮ ಊರ ಬಾಗಿಲಲ್ಲಿ ಜನ ತಾವೇ ಸಿಮೆಂಟ್ ಸುರಿದು ಕಟ್ಟಿದ ಗುಡ್ಡ ಯಾವ ಪುಸ್ತಕ ಓದಿ ಕಟ್ಟಿದ್ದು? ಅಲ್ಲಿ 35 ಮಿ.ಮೀ. ಅಂದ್ರೆ ಎಂಜಿನ್ ಅಡಿಯ ಸಂಪು ಉಳಿಯೋದು, ಒಡೆಯೋದರ ನಡುವಿನ ವ್ಯತ್ಯಾಸ.

ಕಾನೂನಿನ ಬಗ್ಗೆ ಚಿಕ್ಕದಾಗಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಬದಲಾವಣೆಗೆ ಮಿತಿ ಹಾಕುತ್ತೆ. 2019ರ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ದಾರೆ. ದುಡ್ಡು ಕೊಡೋ ಮುಂಚೆ ಆರ್‌ಟಿಓನಲ್ಲೂ ಇನ್ಶೂರೆನ್ಸಿನವರ ಹತ್ತಿರವೂ ಕೇಳಿ. ನಾವು ಕೇಳಿರಲಿಲ್ಲ.

ಈಗ ನಮ್ಮ ಓಟು. ವರ್ಷಕ್ಕೆ ನಾಲ್ಕಾರು ಸಲ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಗಾಡಿ ತಗೊಂಡು ಹೋಗೋರು, ಬೇರೆ ದಿನ ಓಡಾಡೋಕೆ ಇನ್ನೊಂದು ಗಾಡಿ ಇರೋರು, ಒಳ್ಳೇ ಕಾಯಿಲ್‌ಓವರನ್ನೇ ಹಾಕಿ. ಅಲ್ಲಿ ಎತ್ತರ, ಮೂಲೆಮೂಲೆಯ ಭಾರ, ಡ್ಯಾಂಪಿಂಗ್ ಎಲ್ಲ ಹೊಂದಿಸೋಕೆ ಅರ್ಥ ಇದೆ. ಒಂದೇ ಗಾಡಿ, ಅದರಲ್ಲೇ ಕಾಲೇಜು, ಅದರಲ್ಲೇ ಅಜ್ಜಿ ಅನ್ನೋರು ಮೊದಲು ಹೊಸ ಶಾಕು, ಒಳ್ಳೇ ಟೈರು ಹಾಕಿ ಒಂದು ತಿಂಗಳು ಓಡಿಸಿ. ಅಷ್ಟರ ಮೇಲೂ ಆಸೆ ಉಳಿದ್ರೆ ಆ ಶಾಕಿಗೆ ಹೊಂದೋ, 20 ಮಿ.ಮೀ.ಗಿಂತ ಹೆಚ್ಚು ಇಳಿಸದ ಸ್ಪ್ರಿಂಗು. ಅಗ್ಗದ ಕಾಯಿಲ್‌ಓವರು, ಹಳೇ ಶಾಕಿನ ಮೇಲೆ ಹೊಸ ಸ್ಪ್ರಿಂಗು, ಇವೆರಡೂ ನಮ್ಮ ಕಡೆಯಿಂದ ಬೇಡ. ರೂಮಿನಲ್ಲಿ ಒಬ್ಬ ಇನ್ನೂ ಒಪ್ಪಿಲ್ಲ. ಉತ್ತರ ಬರೆದ್ರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ ಅಂದಿದೀವಿ.

ಪೋಲೋಗೆ ಈಗ ಕಂಪನಿಯ ಹಳೇ ಸ್ಪ್ರಿಂಗೇ ವಾಪಸ್ ಬಂದಿದೆ, ನಾಲ್ಕೂ ಶಾಕ್ ಹೊಸದು. ಲೇಬರ್ ಎರಡನೇ ಸಲ ಕೊಟ್ವಿ, ಗ್ಯಾರೇಜಿನ ಅಣ್ಣ ನಗಲಿಲ್ಲ, ಅದೇ ದೊಡ್ಡದು. ನಾಲ್ಕು ಬೆರಳು ಈಗಲೂ ತೂರುತ್ತೆ. ಲೋಯರಿಂಗ್ ಸ್ಪ್ರಿಂಗುಗಳು ನಮ್ಮ ಮಂಚದ ಕೆಳಗಿವೆ, ಮೂರು ಜನ ಜೂನಿಯರ್‌ಗಳು ರೇಟ್ ಕೇಳಿಕೊಂಡು ಬಂದಿದ್ರು. ಅವರ ಗಾಡಿಯ ಶಾಕ್ ಎಷ್ಟು ಸಾವಿರ ಓಡಿದೆ ಅಂತ ಕೇಳಿದ್ವಿ. ಒಬ್ಬರಿಗೂ ಗೊತ್ತಿರಲಿಲ್ಲ. ಕೊಡಲಿಲ್ಲ.