ಗೇರ್‌ಬಾಕ್ಸಿನ ಎಣ್ಣೆ ಮತ್ತು ನಮ್ಮ ಸಹಿ

ಆಯುಧಪೂಜೆಯ ದಿನ ದೆಹಲಿಯ ನಮ್ಮ ಸರ್ಕಾರಿ ವಸತಿಗೃಹಗಳ ಅಂಗಳದಲ್ಲಿ ಕನ್ನಡಿಗರ ಕಾರುಗಳನ್ನು ಗುರುತಿಸುವುದು ಸುಲಭ. ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮ, ಮುಂದೆ ಚೆಂಡುಹೂವಿನ ಹಾರ, ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು. ಊರು ಬಿಟ್ಟು ಎಷ್ಟು ವರ್ಷವಾದರೂ ಈ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಬಿಡಬೇಕೆಂದು ಹೇಳಲು ಈ ಬರಹವೂ ಹೊರಟಿಲ್ಲ. ಆದರೆ ಪೂಜೆ ಮುಗಿಸಿದ ನಮ್ಮಲ್ಲಿ ಎಷ್ಟು ಮಂದಿ ಮೊಣಕಾಲೂರಿ ಆ ವಾಹನದ ಹೊಟ್ಟೆಯಡಿ ಏನಿದೆಯೆಂದು ನೋಡಿದ್ದೇವೆ? ಒಂಬತ್ತು ವರ್ಷ ಒಂದೇ ಕಾರನ್ನು ಓಡಿಸಿದ ನಾವು ಕಳೆದ ಜನವರಿಯವರೆಗೆ ನೋಡಿರಲಿಲ್ಲ. ನೋಡಿದ ಮೇಲೆ ಮೂಡಿದ ಅಭಿಪ್ರಾಯವೊಂದನ್ನು ಓದುಗರ ಮುಂದಿಡುತ್ತಿದ್ದೇವೆ: ಕಾರುಳ್ಳವರು ಸಾಧ್ಯವಾದರೆ ಜೀವನದಲ್ಲಿ ಒಮ್ಮೆಯಾದರೂ ಅದರ ಗೇರ್ ಆಯಿಲನ್ನು ತಮ್ಮ ಕೈಯಾರೆ ಬದಲಾಯಿಸಬೇಕು, ಸಾಧ್ಯವಾಗದಿದ್ದರೆ ಬದಲಾಯಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕು.

ಗೇರ್ ಆಯಿಲೇ ಏಕೆ ಎಂದು ಕೇಳಬಹುದು. ಎಂಜಿನ್ ಆಯಿಲ್ ಎಲ್ಲರಿಗೂ ಪರಿಚಿತ. ಅದನ್ನು ನೋಡಲು ಒಂದು ಅಳತೆಕಡ್ಡಿಯಿದೆ. ಅದರ ಒತ್ತಡ ಕುಸಿದರೆ ಎಚ್ಚರಿಸಲು ಒಂದು ಕೆಂಪು ದೀಪವಿದೆ. ಕೈಯಿಂದ ಗೇರ್ ಹಾಕುವ ಕಾರುಗಳ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಇವೆರಡೂ ಇಲ್ಲ. ಸಣ್ಣ ಕಾರುಗಳಲ್ಲಿ ಸುಮಾರು ಎರಡು ಲೀಟರಿನಷ್ಟಿರುವ ಈ ಎಣ್ಣೆ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ದುಡಿಯುತ್ತದೆ. ಅಲ್ಲಿ ಇಂಧನ ಉರಿಯುವುದಿಲ್ಲವಾದ್ದರಿಂದ ಮಸಿ ಸೇರುವುದಿಲ್ಲ. ಆದರೆ ಹಲ್ಲುಚಕ್ರಗಳ ನಡುವೆ ಅರೆದು ಅರೆದು ಎಣ್ಣೆಯ ಮಂದತೆ ಕುಗ್ಗುತ್ತದೆ, ಸವೆದ ಲೋಹದ ಪುಡಿ ಬೆರೆಯುತ್ತದೆ. ‘ಇದು ಜೀವಮಾನಕ್ಕೆ ಸಾಕು’ ಎಂದು ಹೇಳುವ ತಯಾರಕರೂ ಇದ್ದಾರೆ. ಯಾರ ಜೀವಮಾನ, ಕಾರಿನದೋ ವಾರಂಟಿಯದೋ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಈ ಎಣ್ಣೆಯ ಕೆಲಸವೂ ವಿಚಿತ್ರವಾದುದು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಬೇರೆಬೇರೆ ವೇಗದಲ್ಲಿ ತಿರುಗುತ್ತಿರುವ ಭಾಗಗಳನ್ನು ಸಮವೇಗಕ್ಕೆ ತರಲು ಒಳಗೆ ಸಿಂಕ್ರೊನೈಸರ್ ಎಂಬ ಉಂಗುರಗಳಿರುತ್ತವೆ. ಅನೇಕ ಕಾರುಗಳಲ್ಲಿ ಅವು ಹಿತ್ತಾಳೆಯವು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದ ಈ ಏರ್ಪಾಡು ಇಲ್ಲದಿದ್ದ ಕಾಲದಲ್ಲಿ ಚಾಲಕರು ಪ್ರತಿ ಗೇರಿಗೂ ಕ್ಲಚ್ಚನ್ನು ಎರಡು ಬಾರಿ ಒತ್ತಿ, ಕಿವಿಯಿಂದಲೇ ವೇಗ ಹೊಂದಿಸಬೇಕಿತ್ತು. ಉಂಗುರ ತನ್ನ ಕೆಲಸ ಮಾಡಬೇಕಾದರೆ ಕ್ಷಣಕಾಲ ಉಜ್ಜಿ ಹಿಡಿಯಬೇಕು. ಹಲ್ಲುಚಕ್ರ ಬಾಳಬೇಕಾದರೆ ಜಾರಬೇಕು. ಹಿಡಿತವನ್ನೂ ಜಾರುವಿಕೆಯನ್ನೂ ಒಂದೇ ಎಣ್ಣೆ ನಿಭಾಯಿಸಬೇಕು. ಆದ್ದರಿಂದಲೇ ಡಬ್ಬಿಯ ಮೇಲಿನ 75ಡಬ್ಲ್ಯು-90, ಜಿಎಲ್-4 ಎಂಬಂಥ ಗುರುತುಗಳಿಗೆ ಅರ್ಥವಿದೆ. ಜಿಎಲ್-5 ದೊಡ್ಡ ಸಂಖ್ಯೆಯಾದ್ದರಿಂದ ಹೆಚ್ಚು ಒಳ್ಳೆಯದೆಂದು ಅಂಗಡಿಯವನು ಹೇಳಿದರೆ ನಂಬಬೇಕಿಲ್ಲ. ಅದರಲ್ಲಿ ಹೆಚ್ಚಿರುವ ಗಂಧಕ-ರಂಜಕದ ಮಿಶ್ರಣಗಳು ಹಿತ್ತಾಳೆಗೆ ಹಾನಿ ತರಬಲ್ಲವು. ಕಾರಿನ ಕೈಪಿಡಿ ಹೇಳಿದ್ದೇ ಇಲ್ಲಿ ಪ್ರಮಾಣ.

ಕಳೆದ ಜನವರಿಯ ಚಳಿಯಲ್ಲಿ ನಮ್ಮ ಕಾರಿನ ಎರಡನೇ ಗೇರು ಬೆಳಗಿನ ಹೊತ್ತು ಮೊಂಡುತನ ಮಾಡತೊಡಗಿತು. ಬಿಲ್ಲುಗಳ ಕಡತ ತೆಗೆದು ನೋಡಿದೆವು. ಒಂದೂವರೆ ವರ್ಷದ ಹಿಂದಷ್ಟೇ ಗೇರ್ ಆಯಿಲ್ ಬದಲಾಯಿಸಿದ್ದಕ್ಕೆ ಎಣ್ಣೆಯ ಬೆಲೆ, ಕೂಲಿ, ತೆರಿಗೆ ಎಲ್ಲವೂ ಅದರಲ್ಲಿದ್ದವು. ಆದರೂ ಈ ಬಾರಿ ನಾವೇ ಬಿಚ್ಚಿ ನೋಡೋಣವೆಂದು ನಿರ್ಧರಿಸಿದೆವು. ಕಾಶ್ಮೀರಿ ಗೇಟಿನ ಬಿಡಿಭಾಗಗಳ ಸಂತೆಯಲ್ಲಿ ಎಣ್ಣೆ, ಎರಡು ಹೊಸ ವಾಷರು, ಒಂದು ಜೊತೆ ಸ್ಟ್ಯಾಂಡು ಕೊಂಡೆವು. ಇನ್ನೊಂದು ಜೊತೆಯನ್ನು ನಮ್ಮ ಬಡಾವಣೆಯ ಮೆಕ್ಯಾನಿಕ್, ಎಲ್ಲರೂ ಉಸ್ತಾದ್ ಎಂದು ಕರೆಯುವ ಹಿರಿಯರು, ಕೊಟ್ಟರು. ಅದರ ಜೊತೆಗೆ ಎರಡು ಮಾತನ್ನೂ ಕೊಟ್ಟರು. “ಜ್ಯಾಕನ್ನು ನಂಬಿ ಕೆಳಗೆ ನುಗ್ಗಬೇಡಿ, ಸಾಹೇಬರೇ. ಎಣ್ಣೆ ತುಂಬುವ ಬೋಲ್ಟು ಬಿಚ್ಚುವವರೆಗೆ ಎಣ್ಣೆ ಇಳಿಸುವ ಬೋಲ್ಟನ್ನು ಮುಟ್ಟಬೇಡಿ.”

ಎರಡನೆಯ ಮಾತಿನ ಬೆಲೆ ದೊಡ್ಡದು. ಹಳೆಯ ಎಣ್ಣೆಯನ್ನು ಇಳಿಸಿಬಿಟ್ಟು, ಆಮೇಲೆ ಮೇಲಿನ ಬೋಲ್ಟು ಜಪ್ಪಯ್ಯ ಎಂದರೂ ಕದಲದಿದ್ದರೆ ಕಾರು ನಿಂತಲ್ಲೇ ನಿಲ್ಲಬೇಕು.

ಭಾನುವಾರ ಬೆಳಗ್ಗೆ ಕಾರನ್ನು ಕಾಲು ಗಂಟೆ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ, ಸಮನೆಲದಲ್ಲಿ ನಾಲ್ಕು ಸ್ಟ್ಯಾಂಡುಗಳ ಮೇಲೆ ಮಟ್ಟಸವಾಗಿ ನಿಲ್ಲಿಸಿ, ಅಲುಗಿಸಿ ಪರೀಕ್ಷಿಸಿ, ರಟ್ಟು ಹಾಸಿ ಕೆಳಗೆ ಸರಿದೆವು. ಟಾರ್ಚಿನ ಬೆಳಕಿನಲ್ಲಿ ಮೊದಲು ಕಂಡದ್ದು ತುಂಬುವ ಬೋಲ್ಟಿನ ಮೇಲಿನ ಹಳದಿ ಬಣ್ಣದ ಗೆರೆ. ಕಾರ್ಖಾನೆಯಲ್ಲಿ ಬಿಗಿದ ಮೇಲೆ ಗುರುತಿಗೆಂದು ಎಳೆದ ಆ ಗೆರೆ ಬೋಲ್ಟಿನಿಂದ ಪೆಟ್ಟಿಗೆಯ ಮೇಲಕ್ಕೆ ಒಂದಿಷ್ಟೂ ಮುರಿಯದೆ ಹಾದಿತ್ತು. ಇಳಿಸುವ ಬೋಲ್ಟಿನ ಮೇಲೂ ಹಾಗೆಯೇ. ಒಂಬತ್ತು ವರ್ಷಗಳಲ್ಲಿ ಆ ಎರಡು ಬೋಲ್ಟುಗಳನ್ನು ಯಾರೂ ತಿರುಗಿಸಿರಲಿಲ್ಲ.

ಇಳಿದ ಎಣ್ಣೆ ಕಪ್ಪಾಗಿತ್ತು. ಕೆಳಗಿನ ಬೋಲ್ಟಿನ ತುದಿಯ ಅಯಸ್ಕಾಂತದ ಮೇಲೆ ಲೋಹದ ಪುಡಿ ಬೂದು ಬಣ್ಣದ ಗಂಧದಂತೆ ಮೆತ್ತಿಕೊಂಡಿತ್ತು. ಒರೆಸಿ, ಹೊಸ ವಾಷರು ಹಾಕಿ, ಕೈಪಿಡಿ ಹೇಳಿದಷ್ಟೇ ಬಿಗಿದು, ಕೊಳವೆಯ ಮೂಲಕ ಹೊಸ ಎಣ್ಣೆಯನ್ನು ಮೇಲಿನ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ತುಂಬಿದೆವು. ಕೆಲಸಕ್ಕೆ ಹಿಡಿದದ್ದು ಮೂರು ಗಂಟೆ; ಉಸ್ತಾದರಿಗೆ ಮುಕ್ಕಾಲು ಗಂಟೆ ಸಾಕಿತ್ತು. ಎರಡನೇ ಗೇರು ಪೂರ್ತಿ ಸೌಮ್ಯವಾಗಲಿಲ್ಲ, ಆದರೆ ಮೊಂಡುತನ ಬಿಟ್ಟಿತು.

ಚಿತ್ರಗಳೊಂದಿಗೆ ಆ ಸರ್ವಿಸ್ ಕೇಂದ್ರಕ್ಕೆ ಹೋದೆವು. ಅಲ್ಲಿನ ಮೇಲ್ವಿಚಾರಕ ನಮ್ಮ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ವಾದ ಮಾಡಲಿಲ್ಲ, ಹಣ ಹಿಂದಿರುಗಿಸಿದ. ಬಳಿಕ ತಗ್ಗಿದ ದನಿಯಲ್ಲಿ, “ಪಟ್ಟಿಯಲ್ಲಿ ಆ ಕೆಲಸ ಇತ್ತು ಸಾರ್, ಅದಕ್ಕೇ ಗುರುತು ಬಿದ್ದಿದೆ. ಕೆಳಗೆ ಇಳಿದು ನೋಡಲು ನಮಗೆ ಸಮಯ ಯಾರು ಕೊಡುತ್ತಾರೆ?” ಎಂದ.

ಸಿಟ್ಟಿನಿಂದ ಹೋದ ನಮಗೆ ಆ ಮಾತು ಬೇರೆಯೇ ರೀತಿಯಲ್ಲಿ ತಾಗಿತು. ಇಪ್ಪತ್ತು ವರ್ಷಗಳಿಂದ ‘ಪರಿಶೀಲಿಸಲಾಗಿದೆ’ ಎಂಬ ಪದದ ಕೆಳಗೆ ಸಹಿ ಮಾಡುವುದೇ ನಮ್ಮ ಉದ್ಯೋಗ. ಕೆಳಗಿನವರು ಗುರುತು ಹಾಕಿದ್ದಾರೆಂದು ನಾವು ಸಹಿ ಹಾಕುತ್ತೇವೆ. ನಾವು ಹಾಕಿದ್ದೇವೆಂದು ಮೇಲಿನವರು ಹಾಕುತ್ತಾರೆ. ಕೊನೆಗೆ ಕಾಗದದ ಮೇಲೆ ಐದು ಸಹಿಗಳಿದ್ದರೂ ಬೋಲ್ಟಿನ ಮೇಲಿನ ಹಳದಿ ಗೆರೆ ಹಾಗೆಯೇ ಉಳಿದಿರುತ್ತದೆ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಕೃತಿಯನ್ನು ಎಂ.ಎ. ದಿನಗಳಲ್ಲಿ ಓದಿ, ತನ್ನ ಬೈಕಿನ ರಿಪೇರಿಯನ್ನು ಕಲಿಯಲೊಲ್ಲದ ಪಾತ್ರವೊಂದನ್ನು ನಾವು ಗೆಳೆಯರೆಲ್ಲ ಟೀಕಿಸಿದ್ದೆವು. ಆಗ ನಮ್ಮಲ್ಲಿ ಒಬ್ಬನೂ ಸ್ಪ್ಯಾನರ್ ಹಿಡಿದವನಿರಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ನ್ಯಾಯವಾದವೇ. ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಮೆಕ್ಯಾನಿಕರ ಗತಿಯೇನು? ಒಮ್ಮೆ ಮಾಡಿ ನೋಡಿದವರು ಒಳ್ಳೆಯ ಮೆಕ್ಯಾನಿಕನ ಬಳಿ ಚೌಕಾಶಿ ಮಾಡುವುದನ್ನು ಬಿಡುತ್ತಾರೆ ಎಂಬುದು ನಮ್ಮ ಅನುಭವ. ಬೆನ್ನುನೋವು, ವಯಸ್ಸು, ವಾಹನ ನಿಲ್ಲಿಸುವ ಜಾಗದ ಕಟ್ಟುಪಾಡು ಇದ್ದವರು ಏನು ಮಾಡಬೇಕು? ಅವರು ಗ್ಯಾರೇಜಿನಲ್ಲಿ ಅರ್ಧ ಗಂಟೆ ನಿಲ್ಲಲಿ; ಮೊಹರು ಮಾಡಿದ ಡಬ್ಬಿ ತಮ್ಮೆದುರು ತೆರೆಯಲಿ ಎನ್ನಲಿ; ಹಳೆಯ ವಾಷರನ್ನು ಕೇಳಿ ಪಡೆಯಲಿ. ಇನ್ನು ಹಳೆಯ ಎಣ್ಣೆಯ ವಿಷಯ ಎಲ್ಲಕ್ಕಿಂತ ಗಂಭೀರವಾದುದು. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಸುರಿಯುವವರು ಮನೆಯಲ್ಲಿ ಈ ಕೆಲಸ ಮಾಡದಿರುವುದೇ ಲೇಸು. ನಾವು ಡಬ್ಬಿಯಲ್ಲಿ ತುಂಬಿಟ್ಟ ಎಣ್ಣೆಯನ್ನು, ಅಧಿಕೃತ ಸಂಸ್ಕರಣೆಗೆ ಕಳುಹಿಸುವ ಏರ್ಪಾಡಿರುವ ಇನ್ನೊಂದು ಗ್ಯಾರೇಜಿಗೆ ಒಪ್ಪಿಸಲು ಎರಡು ವಾರ ಅಲೆದೆವು. ಆ ಅಲೆದಾಟವೂ ಕೆಲಸದ ಭಾಗವೆಂದೇ ತಿಳಿಯಬೇಕು.

ನಮ್ಮ ಅಜ್ಜನ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತು. ಸಂತೆಗೆ ಹೊರಡುವ ಮುನ್ನ ಅವರೇ ಬಾಗಿ ಅಚ್ಚಿಗೆ ಎಣ್ಣೆ ಬಿಡುತ್ತಿದ್ದರು. ಆಯುಧಪೂಜೆಯ ದಿನ ಆ ಗಾಡಿಗೂ ಕುಂಕುಮವಿರುತ್ತಿತ್ತು. ಹೊರನಾಡಿಗೆ ಬಂದ ನಾವು ಕುಂಕುಮವನ್ನು ಉಳಿಸಿಕೊಂಡು ಗೊಟ್ಟವನ್ನು ಮರೆತೆವೇನೋ.

ಆ ವಾರ ನಮ್ಮ ಮೇಜಿಗೆ ಕಚೇರಿ ಕಟ್ಟಡದ ಚಾವಣಿ ದುರಸ್ತಿ ಪೂರ್ಣಗೊಂಡಿದೆಯೆಂಬ ಕಡತ ಬಂತು. ಸಹಿಯ ಜಾಗದಲ್ಲಿ ಪೆನ್ಸಿಲಿನ ಗುರುತು ಸಿದ್ಧವಾಗಿತ್ತು. ಲಿಫ್ಟು ಹೋಗದ ಕೊನೆಯ ಎರಡು ಮಹಡಿಗಳನ್ನು ಹತ್ತಿ ಹೋಗಿ ನೋಡಿದೆವು. ಕೆಲಸ ಸರಿಯಾಗಿಯೇ ಆಗಿತ್ತು. ಗಾರೆಯ ಬಾಣಲಿ ತೊಳೆಯುತ್ತಿದ್ದ ಕೆಲಸಗಾರ ಎದ್ದು ನಿಂತು, ಮೇಲೆ ಬಂದ ಮೊದಲ ಸಾಹೇಬರು ನೀವೇ ಎಂದ. ಕಡತ ಮೂರು ದಿನ ತಡವಾಗಿ ಮುಂದಕ್ಕೆ ಹೋಯಿತು. ವಿಳಂಬಕ್ಕೆ ವಿವರಣೆ ಕೇಳಿದ್ದಾರೆ. ನಮ್ಮ ಬಳಿ ಉತ್ತರವಿದೆ.