ದಾನಕ್ಕೊಂದು ಖಾತೆ

1924ನೆಯ ಇಸವಿ ಜನವರಿ 12ರ ರಾತ್ರಿ. ಯೆರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿಯವರಿಗೆ ಕರುಳಿನ ಬೇನೆ ಉಲ್ಬಣಿಸಿ, ಅವರನ್ನು ಪುಣೆಯ ಸಸೂನ್ ಆಸ್ಪತ್ರೆಗೆ ತಂದಿದ್ದರು. ಶಸ್ತ್ರಕ್ರಿಯೆಯಾಗದೆ ಪ್ರಾಣ ಉಳಿಯದೆಂದು ವೈದ್ಯರು ನುಡಿದರು. ಶ್ರೀನಿವಾಸ ಶಾಸ್ತ್ರಿಗಳನ್ನು ಕರೆಸಿಕೊಂಡು, ತಮ್ಮ ಒಪ್ಪಿಗೆಯ ಹೇಳಿಕೆಯನ್ನು ಬರೆಯಿಸಿ ಗಾಂಧೀಜಿ ರುಜು ಹಾಕಿದರು. ಕರ್ನಲ್ ಮ್ಯಾಡಕ್ ಶಸ್ತ್ರ ಹಿಡಿದಿದ್ದಾಗಲೇ ಹೊರಗೆ ಗುಡುಗು ಮಳೆ ಸುರಿದು ವಿದ್ಯುದ್ದೀಪ ನಂದಿತು. ಕಂದೀಲಿನ ಬೆಳಕಿನಲ್ಲಿ ಕೆಲಸ ಮುಗಿಯಿತು. ರೋಗಿ ಉಳಿದರು.

ಆ ದಿನಗಳಲ್ಲಿ ದೇಶದ ಮೂಲೆಮೂಲೆಯಲ್ಲಿಯೂ ಆ ಆಸ್ಪತ್ರೆಯ ಹೆಸರು ಕೇಳಿಬಂದಿತು. ಆದರೆ ಆ ಹೆಸರು ಯಾರದು? ಸಸೂನ್ ಎಂಬುವನು ಗವರ್ನರನಲ್ಲ, ದಂಡಿನ ದೊರೆಯೂ ಅಲ್ಲ. ಪ್ರಾಣಭಯದಿಂದ ಬಾಗ್ದಾದನ್ನು ಬಿಟ್ಟು ಓಡಿಬಂದು ಮುಂಬಯಿಯಲ್ಲಿ ನೆಲೆ ನಿಂತ ಒಬ್ಬ ಯೆಹೂದ್ಯ ವರ್ತಕ. ಅವನೂ ಅವನ ಮಕ್ಕಳು ಮೊಮ್ಮಕ್ಕಳೂ ಗಳಿಸಿದ ರೀತಿ ಒಂದು ಕಥೆ. ಕೊಟ್ಟ ರೀತಿ ಇನ್ನೊಂದು ಕಥೆ. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಆ ಮನೆತನದ ಪರಿಚಯ ಪೂರ್ಣವಾಗುತ್ತದೆ.

ಬಾಗ್ದಾದಿನ ಯೆಹೂದ್ಯರು ಅಲ್ಲಿಗೆ ಹೊಸಬರಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದೆ ಬಾಬಿಲೋನಿನ ಅರಸರು ಸೆರೆಹಿಡಿದು ಒಯ್ದ ಜನರ ಸಂತತಿಯವರು ಅವರು. ಅವರ ಸಮಾಜಕ್ಕೆ ಮುಖ್ಯಸ್ಥನೂ, ಪಾಷಾನ ಆಸ್ಥಾನಕ್ಕೆ ಖಜಾಂಚಿಯೂ ಆಗಿದ್ದವನು ಶೇಖ್ ಸಾಲೇಹ್ ಸಸೂನ್. ಅವನ ಮಗ ಡೇವಿಡ್ 1792ರಲ್ಲಿ ಹುಟ್ಟಿದನು. ದಾವೂದ್ ಪಾಷಾನ ಆಳ್ವಿಕೆಯಲ್ಲಿ ಯೆಹೂದ್ಯ ಶ್ರೀಮಂತರ ಮೇಲೆ ಕಿರುಕುಳ ಹೆಚ್ಚಿತು. ಡೇವಿಡ್ ಸೆರೆಯಾದನು, ತಂದೆ ಹಣ ತೆತ್ತು ಬಿಡಿಸಿದನು. ಬಸ್ರಾದ ಮಾರ್ಗವಾಗಿ ಅವನು ಪರ್ಷಿಯಾದ ಬುಶಹರ್ ಬಂದರನ್ನು ಸೇರಿದನು. ನಿಲುವಂಗಿಯ ಒಳಪದರದಲ್ಲಿ ಮುತ್ತುಗಳನ್ನು ಹೊಲಿದುಕೊಂಡು ರಾತ್ರೋರಾತ್ರಿ ಹೊರಟನೆಂಬುದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಮಾತು. ಹಿಂದೆಯೇ ಬಂದ ವೃದ್ಧ ತಂದೆ ಆ ಬಂದರಿನಲ್ಲಿಯೇ ಕಣ್ಣು ಮುಚ್ಚಿದನು.

1832ರ ಸುಮಾರಿಗೆ ಡೇವಿಡ್ ಮುಂಬಯಿಗೆ ಬಂದನು. ಆಗ ಅವನಿಗೆ ನಲವತ್ತು ವಯಸ್ಸು. ಇಂಗ್ಲಿಷ್ ಬಾರದು; ಅರಬ್ಬಿ, ಹೀಬ್ರೂ, ತುರ್ಕಿ, ಪರ್ಷಿಯನ್ ಭಾಷೆಗಳು ಬರುತ್ತಿದ್ದವು. ಕೊಲ್ಲಿಯಿಂದ ಬರುವ ಅರಬ್ಬಿ ಹಡಗುಗಳ ವರ್ತಕರಿಗೂ ಇಂಗ್ಲಿಷ್ ಕಂಪನಿಗಳಿಗೂ ನಡುವೆ ನಿಂತು ವ್ಯಾಪಾರ ಆರಂಭಿಸಿದನು. ಮುಂದೆ ಎಂಟು ಮಂದಿ ಗಂಡುಮಕ್ಕಳು ಕೈಗೆ ಬಂದಂತೆ ಅವರನ್ನು ಊರೂರಿಗೆ ಕಳುಹಿಸಿ ಅಂಗಡಿಗಳನ್ನು ತೆರೆಯಿಸಿದನು. ಎರಡನೆಯ ಮಗ ಇಲಿಯಾಸ್ 1844ರಲ್ಲಿ ಚೀನಕ್ಕೆ ಹೋದನು. ಅಮೆರಿಕದ ಅಂತರ್ಯುದ್ಧ (1861-65) ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಂತಾಗಿ, ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬಂಗಾರದ ಬೆಲೆ ಬಂದಿತ್ತಷ್ಟೆ. ಆ ಕಾಲಕ್ಕೆ ಸಸೂನರು ಮುಂಬಯಿಯ ಹತ್ತಿ ಪೇಟೆಯ ದೊಡ್ಡ ಕುಳಗಳಾಗಿದ್ದರು.

ಈ ವ್ಯಾಪಾರದ ಖಾತೆಪುಸ್ತಕಗಳಲ್ಲಿ ಒಂದು ವಿಶೇಷವಿದ್ದಿತು. ಪ್ರತಿಯೊಂದು ವ್ಯವಹಾರದ ಮೇಲೆಯೂ ನೂರು ರೂಪಾಯಿಗೆ ನಾಲ್ಕಾಣೆಯ ಲೆಕ್ಕದಲ್ಲಿ ಒಂದು ಮೊಬಲಗನ್ನು ದಾನಕ್ಕೆಂದು ಬೇರೆ ತೆಗೆದಿಡುತ್ತಿದ್ದರು. ನಮ್ಮ ಪೇಟೆಯ ಸಾಹುಕಾರರು ಧರ್ಮಾದಾಯವೆಂದು ತೆಗೆದಿಡುವ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಆದರೆ ಯೆಹೂದ್ಯರಲ್ಲಿ ಇದರ ಹಿಂದೆ ಒಂದು ಹಳೆಯ ವಿಚಾರವಿದೆ. ದಾನಕ್ಕೆ ಹೀಬ್ರೂ ಭಾಷೆಯಲ್ಲಿರುವ ಮಾತು ‘ತ್ಸೆದಾಕಾ’. ಅದರ ಧಾತುವಿನ ಅರ್ಥ ನ್ಯಾಯ. ಕರುಣೆಯುಕ್ಕಿದ ದಿನ ಕೊಟ್ಟು, ಉಕ್ಕದ ದಿನ ಬಿಡುವಂಥದಲ್ಲ. ಬಡವನಿಗೆ ಸಲ್ಲತಕ್ಕ ಬಾಕಿ ಅದು. ಬಾಕಿಗೆ ಖಾತೆ ಇರಬೇಕಾದುದು ಸಹಜವೇ.

ಹನ್ನೆರಡನೆಯ ಶತಮಾನದ ಯೆಹೂದ್ಯ ಪಂಡಿತ ಮೈಮೊನಿಡೀಸನು ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾನೆ. ಮನಸ್ಸಿಲ್ಲದೆ ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನು ಯಾರೆಂದು ಪಡೆದವನಿಗೂ, ಪಡೆದವನು ಯಾರೆಂದು ಕೊಟ್ಟವನಿಗೂ ತಿಳಿಯದಂತೆ ಕೊಡುವುದು ತುಂಬ ಮೇಲಿನದು. ಅದಕ್ಕಿಂತಲೂ ಮೇಲಿನ ಮೆಟ್ಟಿಲು ಇನ್ನೊಂದಿದೆ. ಬಿದ್ದವನಿಗೆ ಕೆಲಸವನ್ನೋ ಸಾಲವನ್ನೋ ಪಾಲುಗಾರಿಕೆಯನ್ನೋ ಕೊಟ್ಟು, ಅವನು ಮತ್ತೆಂದೂ ಕೈಚಾಚದಂತೆ ಮಾಡುವುದು.

ಡೇವಿಡ್ ಸಸೂನ್ ಈ ಕೊನೆಯ ಮೆಟ್ಟಿಲನ್ನು ಆರಿಸಿಕೊಂಡನೆಂದು ಹೇಳಬಹುದು. ಬಾಗ್ದಾದಿನಿಂದಲೂ ಸಿರಿಯಾದಿಂದಲೂ ಬಂದ ಯೆಹೂದ್ಯರಿಗೆ ಅವನ ಮನೆಬಾಗಿಲು ಮೊದಲ ಆಸರೆಯಾಯಿತು. ಅವರ ಮಕ್ಕಳಿಗೆಂದು ಮುಂಬಯಿಯಲ್ಲಿ ಶಾಲೆ ತೆರೆದನು. ಅಲ್ಲಿ ಹೀಬ್ರೂ ಧರ್ಮಗ್ರಂಥದ ಜೊತೆಗೆ ಅರಬ್ಬಿ, ಇಂಗ್ಲಿಷ್, ಲೆಕ್ಕ, ಜಮಾಖರ್ಚು ಬರೆಯುವ ವಿದ್ಯೆ ಇವನ್ನೂ ಕಲಿಸುತ್ತಿದ್ದರು. ಓದು ಮುಗಿಸಿದ ಹುಡುಗ ಸಸೂನರ ಗುಮಾಸ್ತನಾಗಿ ಶಾಂಘೈಗೋ ಹಾಂಗ್‌ಕಾಂಗಿಗೋ ಹೋಗುತ್ತಿದ್ದನು. ಅಲ್ಲಿಯೂ ಶನಿವಾರ ಅಂಗಡಿಗೆ ಬೀಗ. ಸಬ್ಬತ್ತಿನ ದಿನ ವ್ಯವಹಾರವಿಲ್ಲ. ಕಾಯಿಲೆಯಾದರೆ ಔಷಧ, ಮುಪ್ಪಾದರೆ ಅಶನ, ಸತ್ತರೆ ಮಣ್ಣಿಗೆ ಜಾಗ, ಎಲ್ಲಕ್ಕೂ ಸಂಸ್ಥೆಯೇ ಹೊಣೆ. ಬೈಕುಲ್ಲಾದಲ್ಲಿ 1861ರಲ್ಲಿ ಅವನು ಕಟ್ಟಿಸಿದ ಮಾಗೆನ್ ಡೇವಿಡ್ ಎಂಬ ಪ್ರಾರ್ಥನಾಮಂದಿರ ಈ ಜನಕ್ಕೆ ಊರ ನಡುವಿನ ಮನೆಯಂತಾಯಿತು.

ಇದರಲ್ಲಿ ಧರ್ಮವೆಷ್ಟು, ವ್ಯಾಪಾರದ ಜಾಣತನವೆಷ್ಟು ಎಂದು ಕೇಳುವವರಿದ್ದಾರೆ. ನಂಬಿಕೆಯ ಗುಮಾಸ್ತರನ್ನು ತಯಾರಿಸುವುದು ವರ್ತಕನಿಗೂ ಲಾಭವೇ. ಆದರೆ ಸಸೂನರ ಕೈ ತಮ್ಮವರ ಬಳಿಯೇ ನಿಲ್ಲಲಿಲ್ಲ. ದಾರಿತಪ್ಪಿದ ಬಾಲಕರಿಗೆ ಕೈಕಸಬು ಕಲಿಸುವ ಶಾಲೆ ಮುಂಬಯಿಯಲ್ಲಿ ಎದ್ದಿತು. ಪುಣೆಯಲ್ಲಿ ಅಂಗವಿಕಲರಿಗೂ ಅನಾಥರಿಗೂ ಆಶ್ರಯಗೃಹವಾಯಿತು. ಜಾತಿಮತಗಳ ಎಣಿಕೆಯಿಲ್ಲದೆ ಬಡವರನ್ನೆಲ್ಲ ಸೇರಿಸಿಕೊಳ್ಳುವ ಆಸ್ಪತ್ರೆ 1867ರಲ್ಲಿ ತೆರೆಯಿತು. ಗಾಂಧೀಜಿ ಮಲಗಿದ್ದುದು ಅದರಲ್ಲಿಯೇ. ಮುಂಬಯಿಯ ಕಾಲಾಘೋಡಾ ಬಳಿಯ ವಾಚನಾಲಯಕ್ಕೆ ಡೇವಿಡ್ 60,000 ರೂಪಾಯಿಗಳನ್ನು ಕೊಟ್ಟನು. ಆ ಕಟ್ಟಡ ಮುಗಿದದ್ದು 1870ರಲ್ಲಿ. ಅದನ್ನು ನೋಡಲು ಅವನಿರಲಿಲ್ಲ. 1864ರ ನವೆಂಬರಿನಲ್ಲಿ ಪುಣೆಯಲ್ಲಿ ತೀರಿಕೊಂಡಿದ್ದನು. ಮುಂಡಾಸು ಸುತ್ತಿ ಬಾಗ್ದಾದಿನ ನಿಲುವಂಗಿ ತೊಟ್ಟ ಅವನ ಶಿಲಾಪ್ರತಿಮೆ ಅಲ್ಲಿ ನಿಂತಿದೆ.

ಇಷ್ಟು ವಿಶಾಲವಾದ ಕೈ ಒಂದು ಕಡೆ ಮಾತ್ರ ಬಿಗಿಯಾಗಿದ್ದುದುಂಟು. ಬಾಗ್ದಾದಿನವರು ಬರುವ ಮೊದಲೇ ಕೊಂಕಣದ ಕರಾವಳಿಯಲ್ಲಿ ಬೇನೆ ಇಸ್ರೇಲರೆಂಬ ಯೆಹೂದ್ಯರು ಶತಮಾನಗಳಿಂದ ನೆಲೆಸಿದ್ದರು. ಗಾಣವಾಡುವ ಕಸುಬು, ಮರಾಠಿ ಮಾತು; ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆಯುತ್ತಿದ್ದರು. ಮುಂಬಯಿಯಲ್ಲಿ ಅವರ ಮೊದಲ ಪ್ರಾರ್ಥನಾಮಂದಿರದ ಕಥೆಗೆ ಕನ್ನಡ ನಾಡಿನ ನಂಟೂ ಇದೆ. ಕಂಪನಿಯ ದಂಡಿನಲ್ಲಿದ್ದ ಸ್ಯಾಮ್ಯುಅಲ್ ದಿವೇಕರ್ ಎಂಬಾತ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದನು. ಇವರು ಬನಿ ಇಸ್ರಾಯಿಲರೆಂದು ತಿಳಿದ ಟಿಪ್ಪುವಿನ ತಾಯಿ, ಈ ಜನರ ಹೆಸರು ಕುರಾನಿನಲ್ಲಿ ಬಂದಿದೆ, ಕೊಲ್ಲಬೇಡವೆಂದು ಮಗನನ್ನು ಬೇಡಿಕೊಂಡಳೆಂದು ಬೇನೆ ಇಸ್ರೇಲರು ಇಂದಿಗೂ ಹೇಳುತ್ತಾರೆ. ಬದುಕಿ ಮರಳಿದ ದಿವೇಕರ್ 1796ರಲ್ಲಿ ಹರಕೆ ತೀರಿಸುವಂತೆ ದೇವರ ಮನೆಯನ್ನು ಕಟ್ಟಿಸಿದನು.

ಇಂಥ ಜನರನ್ನು ಬಾಗ್ದಾದಿನವರು ತಮ್ಮ ಸಮಾನರೆಂದು ಒಪ್ಪಲಿಲ್ಲ. ಅವರ ಯೆಹೂದ್ಯತನದ ಶುದ್ಧಿಯಲ್ಲಿ ಸಂಶಯಪಟ್ಟರು. ಸ್ಮಶಾನದಲ್ಲಿ ಇಬ್ಬರ ಗೋರಿಗಳ ನಡುವೆ ಗೋಡೆ ಬೇಕೆಂದು 1836ರಷ್ಟು ಹಿಂದೆಯೇ ಸರಕಾರಕ್ಕೆ ಅರ್ಜಿ ಹೋಗಿತ್ತು. ಪಂಕ್ತಿಭೇದದ ನೋವನ್ನು ಕಂಡ ನಮ್ಮ ಸಮಾಜಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತಾನೇ ಅಟ್ಟಿಸಿಕೊಂಡು ಬಂದವನು ಇನ್ನೊಬ್ಬನನ್ನು ದೂರವಿಡುವುದು ಮನುಷ್ಯನ ಹಳೆಯ ದೌರ್ಬಲ್ಯ.

ಇದಕ್ಕಿಂತ ದೊಡ್ಡ ಕಳಂಕ ಖಾತೆಯ ಜಮಾ ಪುಟದಲ್ಲಿದೆ. ಸಸೂನರ ಸಂಪತ್ತಿನ ದೊಡ್ಡ ಭಾಗ ಬಂದದ್ದು ಅಫೀಮಿನಿಂದ. ಹಿಂದೂಸ್ಥಾನದಲ್ಲಿ ಬೆಳೆದ ಅಫೀಮು ಅವರ ಮೂಲಕ ಚೀನವನ್ನು ಸೇರಿತು. ಅಲ್ಲಿ ಲಕ್ಷಾಂತರ ಮನೆಗಳು ಹಾಳಾದವು. ಅಂದಿನ ಬ್ರಿಟಿಷ್ ಕಾನೂನಿನಲ್ಲಿ ಅದು ತಪ್ಪಾಗಿರಲಿಲ್ಲ. ಸ್ವತಃ ಬ್ರಿಟಿಷ್ ಸರಕಾರಕ್ಕೇ ಅದರಿಂದ ವರಮಾನವಿತ್ತು. ಅನೇಕ ಇಂಗ್ಲಿಷ್, ಪಾರಸಿ ವರ್ತಕರೂ ಇದೇ ವ್ಯಾಪಾರ ಮಾಡಿದರು. ಆದರೂ ಒಬ್ಬರ ಮನೆಗೆ ಔಷಧವಾಗಿ ಬಂದ ಹಣ ಇನ್ನೊಬ್ಬರ ಮನೆಯಿಂದ ವಿಷದ ಬೆಲೆಯಾಗಿ ಬಂದದ್ದೆಂಬ ಮಾತು ಸುಳ್ಳಾಗದು. ನೂರಕ್ಕೆ ನಾಲ್ಕಾಣೆ ಕೊಟ್ಟ ಮಾತ್ರಕ್ಕೆ ಉಳಿದ ತೊಂಬತ್ತೊಂಬತ್ತು ರೂಪಾಯಿ ಹನ್ನೆರಡಾಣೆ ಶುದ್ಧವಾಗುವುದೇ? ಈ ಪ್ರಶ್ನೆಗೆ ಸಸೂನರ ಖಾತೆಪುಸ್ತಕದಲ್ಲಿ ಉತ್ತರವಿಲ್ಲ.

ಡೇವಿಡ್ಡನ ನಂತರ ಮನೆ ಎರಡಾಯಿತು. 1867ರಲ್ಲಿ ಇಲಿಯಾಸ್ ಬೇರೆ ಸಂಸ್ಥೆ ಕಟ್ಟಿಕೊಂಡನು. ಮಕ್ಕಳಲ್ಲಿ ಕೆಲವರು ಲಂಡನ್ ಸೇರಿ ಅಲ್ಲಿನ ದೊರೆಗಳ ಸ್ನೇಹಿತರಾದರು. ಇಲಿಯಾಸನ ಮಗ ಜೇಕಬ್ ಮಾತ್ರ ಮುಂಬಯಿಯನ್ನು ಬಿಡದೆ ಬಟ್ಟೆಯ ಗಿರಣಿಗಳನ್ನು ಬೆಳೆಸಿದನು. ತಂದೆಯ ನೆನಪಿಗೆ 1884ರಲ್ಲಿ ಕೋಟೆ ಪ್ರದೇಶದಲ್ಲಿ ಕೆನೆಸೆತ್ ಎಲಿಯಾಹೂ ಮಂದಿರವನ್ನು ಕಟ್ಟಿಸಿದನು. ಅವನಿಗೆ ಮಕ್ಕಳಿರಲಿಲ್ಲ. ಶಾಲೆ, ದತ್ತಿ, ವಿಜ್ಞಾನ ಸಂಸ್ಥೆ ಎಂದು ಕೈಬಿಚ್ಚಿ ಕೊಟ್ಟು 1916ರಲ್ಲಿ ತೀರಿಕೊಂಡನು. ಹೆಂಡತಿಯ ಹೆಸರಿನಲ್ಲಿ ಶಾಂಘೈ ಯೆಹೂದ್ಯರಿಗೆ ಅವನು ಕೊಟ್ಟ ಓಹೆಲ್ ರೇಚಲ್ ಮಂದಿರ ತೆರೆದದ್ದು ಅವನ ಮರಣಾನಂತರ, 1920ರಲ್ಲಿ.

ಮನೆಯ ಹೆಣ್ಣುಮಕ್ಕಳಲ್ಲಿ ಫ್ಲೋರಾ ಸಸೂನ್ ಅವರನ್ನು ಹೇಳದೆ ಬಿಡುವಂತಿಲ್ಲ. 1894ರಲ್ಲಿ ಗಂಡ ತೀರಿಕೊಂಡಾಗ ಮುಂಬಯಿಯ ವ್ಯಾಪಾರದ ಚುಕ್ಕಾಣಿಯನ್ನು ಅವರೇ ಹಿಡಿದರು. ಹೀಬ್ರೂ ಶಾಸ್ತ್ರಗಳಲ್ಲಿ ಪಂಡಿತರನ್ನು ಮೀರಿಸುವ ಪಾಂಡಿತ್ಯ ಅವರದು. ಒಡೆಸ್ಸಾದಿಂದ ಬಂದ ಯೆಹೂದ್ಯ ವಿಜ್ಞಾನಿ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಲಸಿಕೆಯೆಂದರೆ ಜನ ಹೆದರಿ ಓಡುತ್ತಿದ್ದ ಕಾಲ. ಫ್ಲೋರಾ ಅವರು ಹಾಫ್ಕಿನನ ಬೆಂಬಲಕ್ಕೆ ನಿಂತು, ಎಲ್ಲರ ಕಣ್ಣೆದುರಿಗೆ ಅವನ ಚುಚ್ಚುಮದ್ದನ್ನು ತಾವೇ ಹಾಕಿಸಿಕೊಂಡು ಭಯವನ್ನು ಬಿಡಿಸಿದರು. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಊರಿಗೆ ಊರೇ ಹಾಕಿಸಿಕೊಂಡದ್ದು ಈ ಹಾಫ್ಕಿನನ ಲಸಿಕೆಯನ್ನೇ. ಹಣದಿಂದಾಗದ ದಾನವನ್ನು ಆಕೆ ತೋಳು ಚಾಚಿ ಮಾಡಿದರು.

ಅನಂತರ ಕಾಲ ತಿರುಗಿತು. ಜರ್ಮನಿಯಲ್ಲಿ ಹಿಟ್ಲರನ ಕೈಯಿಂದ ತಪ್ಪಿಸಿಕೊಂಡ ಯೆಹೂದ್ಯರಿಗೆ ಲೋಕದ ಬಾಗಿಲುಗಳೆಲ್ಲ ಮುಚ್ಚುತ್ತ ಬಂದಾಗ, ರಹದಾರಿ ಕೇಳದೆ ಒಳಗೆ ಬಿಡುತ್ತಿದ್ದ ಊರು ಶಾಂಘೈ. 1938-39ರಲ್ಲಿ ಸಾವಿರಾರು ಮಂದಿ ಬರಿಗೈಯಲ್ಲಿ ಅಲ್ಲಿ ಬಂದಿಳಿದರು. ಜೇಕಬ್‌ನ ತಮ್ಮನ ಮಗ ವಿಕ್ಟರ್ ಸಸೂನ್ ತನ್ನ ದೊಡ್ಡ ಕಟ್ಟಡವೊಂದರಲ್ಲಿ ಅವರಿಗೆ ಮೊದಲ ನೆಲೆಯನ್ನು ಕೊಟ್ಟನು. ಅನ್ನಕ್ಕೂ ಉದ್ಯೋಗಕ್ಕೂ ಹಣ ಒದಗಿಸಿದನು. ಮುತ್ತು ಹೊಲಿದುಕೊಂಡು ಓಡಿಬಂದ ಮುತ್ತಜ್ಜನ ಕಥೆ ಅವನಿಗೆ ನೆನಪಿದ್ದಿರಬೇಕು. ಚೀನದಲ್ಲಿ 1949ರ ಕ್ರಾಂತಿಯಾದ ಮೇಲೆ ಶಾಂಘೈಯ ಆಸ್ತಿಯೆಲ್ಲ ಕೈಬಿಟ್ಟಿತು. ವಿಕ್ಟರ್ 1961ರಲ್ಲಿ ದೂರದ ಬಹಾಮಾ ದ್ವೀಪದಲ್ಲಿ ಕೊನೆಯುಸಿರೆಳೆದನು.

ಬಾಗ್ದಾದಿನ ಯೆಹೂದ್ಯರ ಕಥೆಯೂ ಮುಗಿಯುತ್ತ ಬಂದಿತು. 1941ರ ಜೂನಿನಲ್ಲಿ ಆ ಊರಿನಲ್ಲಿಯೇ ಅವರ ಮೇಲೆ ಕೊಲೆ ಸುಲಿಗೆಗಳು ನಡೆದವು. 1950-51ರಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ವಿಮಾನವೇರಿ ಇಸ್ರೇಲಿಗೆ ಹೋದರು. ಮುಂಬಯಿಯ ಬಾಗ್ದಾದಿ ಯೆಹೂದ್ಯರೂ ಸ್ವಾತಂತ್ರ್ಯದ ಬಳಿಕ ಒಬ್ಬೊಬ್ಬರಾಗಿ ಇಂಗ್ಲೆಂಡಿಗೂ ಇಸ್ರೇಲಿಗೂ ಆಸ್ಟ್ರೇಲಿಯಕ್ಕೂ ತೆರಳಿದರು. ಎಂಟು ಮಕ್ಕಳ ಆ ದೊಡ್ಡ ವ್ಯಾಪಾರ ಅಡಗಿತು.

ಅಡಗದೆ ಉಳಿದದ್ದು ಖರ್ಚಿನ ಪುಟದಲ್ಲಿ ಬರೆದದ್ದು. ಪುಣೆಯ ಆಸ್ಪತ್ರೆಯಲ್ಲಿ ಇಂದಿಗೂ ಬಡವರ ಸಾಲು ತಪ್ಪಿಲ್ಲ. ಕಾಲಾಘೋಡಾ ವಾಚನಾಲಯದಲ್ಲಿ ವಿದ್ಯಾರ್ಥಿಗಳು ಮಧ್ಯಾಹ್ನದ ಬಿಸಿಲು ಕಳೆಯುತ್ತಾರೆ. ಕೆನೆಸೆತ್ ಎಲಿಯಾಹೂ ಮಂದಿರ ಶಿಥಿಲವಾದಾಗ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜಿಂದಾಲ್ ಮನೆತನದ ದತ್ತಿಸಂಸ್ಥೆ ನೆರವಿತ್ತು, 2019ರಲ್ಲಿ ಅದು ಹೊಸ ಕಳೆಯಿಂದ ಮತ್ತೆ ತೆರೆಯಿತು. ಒಂದು ಮನೆತನ ಕೊಟ್ಟದ್ದನ್ನು ಬೇರೊಂದು ಮತದ ಮನೆತನ ಕಾಪಾಡಿತು.

ಎಲ್ಲಕ್ಕಿಂತ ಮನಮುಟ್ಟುವುದು ಬೈಕುಲ್ಲಾದ ಸಸೂನ್ ಶಾಲೆಯ ಕಥೆ. ಅದನ್ನು ಕಟ್ಟಿದ್ದು ಪರಸ್ಥಳದ ಯೆಹೂದ್ಯ ಮಕ್ಕಳಿಗಾಗಿ. ಆ ಮಕ್ಕಳು ಊರು ಬಿಟ್ಟು ಹೋದಂತೆ ಬೆಂಚುಗಳು ಬರಿದಾದವು. ಬರಿದಾದ ಜಾಗಕ್ಕೆ ಸುತ್ತಲಿನ ಓಣಿಗಳ ಮುಸ್ಲಿಂ ಮಕ್ಕಳು ಬಂದರು. ಮುಂದಿನ ದಶಕಗಳಲ್ಲಿ ಅವರೇ ಶಾಲೆಯ ಬಹುಪಾಲಾದರು. ಪಾಷಾನಿಗೆ ಹೆದರಿ ಓಡಿಬಂದ ಯೆಹೂದ್ಯನ ಹಣದಲ್ಲಿ ಮುಸ್ಲಿಂ ಹುಡುಗಿಯೊಬ್ಬಳು ಅಕ್ಷರ ತಿದ್ದಿದಳು. ಡೇವಿಡ್ ಸಸೂನ್ ಇದನ್ನು ಎಣಿಸಿರಲಾರನು. ಪುಣೆಯಲ್ಲಿ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಮಂದಿರದ ಆವರಣದಲ್ಲಿ ಅವನ ಗೋರಿಯಿದೆ. ಊರವರು ಆ ಮಂದಿರವನ್ನು ‘ಲಾಲ್ ದೇವಳ’ ಎನ್ನುತ್ತಾರೆ. ಅದರ ಎತ್ತರದ ಗೋಪುರವನ್ನು ನೋಡಿ ದಾರಿ ಗುರುತಿಸುವವರಲ್ಲಿ ಅನೇಕರಿಗೆ ಒಳಗೆ ಮಲಗಿರುವವನ ಹೆಸರು ತಿಳಿಯದು. ಕೊಟ್ಟವನು ಯಾರೆಂದು ಪಡೆದವನಿಗೆ ತಿಳಿಯದ ದಾನವನ್ನು ಮೈಮೊನಿಡೀಸ್ ಮೇಲಿನ ಮೆಟ್ಟಿಲಿನಲ್ಲಿ ಇರಿಸಿದ್ದನಷ್ಟೆ. ಡೇವಿಡ್ಡನಿಗೆ ಆ ಮೆಟ್ಟಿಲೂ ಕಾಲ ಕಳೆದಂತೆ ತಾನಾಗಿ ದೊರೆಯಿತು.