‘ರಿಮೂವ್ ಹೊಡಿ ಮಗಾ, ಸರಿಹೋಗುತ್ತೆ’ ಅನ್ನೋರಿಗೆ ಒಂದು ಮಾತು

1/8

ಉಬುಂಟು 22.04 ಇರೋ ಲ್ಯಾಪ್‌ಟಾಪ್. ಪ್ರಾಜೆಕ್ಟ್‌ಗೆ ತಂದ ನೋಡ್‌ಎಂಸಿಯು ಬೋರ್ಡ್ ಚುಚ್ಚಿದ್ದೀರಿ. ಬೋರ್ಡಲ್ಲಿ ಲೈಟ್ ಹತ್ತಿದೆ. ಆರ್ಡುಯಿನೋ ಐಡಿಇ ತೆಗೆದ್ರೆ ಪೋರ್ಟೇ ಇಲ್ಲ. ಕೇಬಲ್ ಬದಲಾಯಿಸ್ತೀರಿ, ಇಲ್ಲ. ಪಕ್ಕದವನ ಬೋರ್ಡ್ ಹಾಕ್ತೀರಿ, ಇಲ್ಲ. ಬೋರ್ಡ್ ಕೊಟ್ಟ ಅಂಗಡಿಯವನಿಗೆ ಬೈತೀರಿ.

ಆಗ ಸೀನಿಯರ್ ಒಬ್ಬ ಬರ್ತಾನೆ. ‘ಸುಡೋ ಆಪ್ಟ್ ರಿಮೂವ್ ಬಿಆರ್‌ಎಲ್‌ಟಿಟಿವೈ. ಹೊಡಿ ಮಗಾ, ಸರಿಹೋಗುತ್ತೆ.’

ಹೊಡೀತೀರಿ. ಸರಿಹೋಗುತ್ತೆ. ಅವನು ಹೀರೋ, ನೀವು ಥ್ಯಾಂಕ್ಸ್ ಅಣ್ಣಾ ಅಂತೀರಿ, ಮುಂದಿನ ವರ್ಷ ಜೂನಿಯರ್‌ಗೆ ನೀವೂ ಅದನ್ನೇ ಹೇಳ್ತೀರಿ.

ಈ ಎಂಟು ಪೋಸ್ಟು ಆ ಒಂದು ಸಾಲಿನ ವಿರುದ್ಧ. ಬೈಯೋಕೆ ಮುಂಚೆ ಒಪ್ಕೊಂಡುಬಿಡ್ತೀನಿ: ಆ ಸಾಲನ್ನ ನಾನೂ ಹೊಡೆದಿದ್ದೀನಿ. ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ಅಲ್ಲ, ಲ್ಯಾಬಿನ ಹನ್ನೆರಡು ಮೆಷಿನ್‌ಗಳಲ್ಲಿ, ಒಂದಾದಮೇಲೊಂದು, ಶಿಳ್ಳೆ ಹೊಡೀತಾ.

2/8

ಮೊದಲು, ಅಲ್ಲಿ ನಡೆದದ್ದೇನು?

ನಮ್ಮ ಅಗ್ಗದ ಬೋರ್ಡ್‌ಗಳಲ್ಲಿ ಯುಎಸ್‌ಬಿಗೂ ಬೋರ್ಡಿಗೂ ಮಧ್ಯೆ ಸಿಎಚ್340 ಅನ್ನೋ ಚಿಪ್ ಇರುತ್ತೆ. ಚುಚ್ಚಿದ ತಕ್ಷಣ ಅದು ತನ್ನ ಗುರುತು ಹೇಳುತ್ತೆ: ತಯಾರಕರ ನಂಬರ್ 1ಎ86, ಉತ್ಪನ್ನದ ನಂಬರ್ 7523. ಲಿನಕ್ಸ್ ಕರ್ನಲ್ ತನ್ನ ಪಟ್ಟಿ ನೋಡಿ ‘ಇದು ಸಿಎಚ್341 ಡ್ರೈವರ್‌ದು’ ಅಂತ ಕೊಟ್ಟುಬಿಡುತ್ತೆ. ಟಿಟಿವೈಯುಎಸ್‌ಬಿ0 ಅನ್ನೋ ಪೋರ್ಟ್ ಹುಟ್ಟುತ್ತೆ. ಹೌದು, ನಿಮ್ಮ ಪೋರ್ಟ್ ಹುಟ್ಟಿತ್ತು!

ಅಷ್ಟರಲ್ಲಿ ಯುಡೆವ್ ಕೂಡ ತನ್ನ ನಿಯಮಗಳ ಫೈಲ್ ನೋಡುತ್ತೆ. ಅಲ್ಲೂ 1ಎ86, 7523 ಬರೆದಿದೆ. ಅಲ್ಲಿನ ನಿಯಮ ‘ಇದು ಬ್ರೈಲ್ ಡಿಸ್‌ಪ್ಲೇ’ ಅನ್ನುತ್ತೆ. ಬಿಆರ್‌ಎಲ್‌ಟಿಟಿವೈ ಎದ್ದು ಬಂದು, ಮೊದಲ ಡ್ರೈವರ್ ಕೈಯಿಂದ ಬೋರ್ಡ್ ಕಿತ್ಕೊಳ್ಳುತ್ತೆ. ಪೋರ್ಟ್ ಮಾಯ.

ಡಿಮೆಸೆಜ್ ಹಾಕಿ ನೋಡಿ, ಎಲ್ಲಾ ಬರೆದಿರುತ್ತೆ: ಇಂಟರ್‌ಫೇಸ್ 0 ಸಿಎಚ್341 ಹತ್ರ ಇರುವಾಗಲೇ ಬಿಆರ್‌ಎಲ್‌ಟಿಟಿವೈ ಬಂದು ಕಾನ್ಫಿಗ್ ಹಾಕ್ತು ಅಂತ. ಅದರ ಕೆಳಗೆ, ಟಿಟಿವೈಯುಎಸ್‌ಬಿ0 ಕಡಿದುಹೋಯ್ತು ಅಂತ. ಕಳ್ಳತನ ಅಲ್ಲ ಇದು. ಹಾಡುಹಗಲಲ್ಲಿ, ಹೆಸರು ಬರೆಸಿ ನಡೆದ ಜಗಳ. ನಾವು ಓದ್ಲಿಲ್ಲ ಅಷ್ಟೆ.

3/8

‘ಇಬ್ರೂ ಒಟ್ಟಿಗೆ ಬಳಸಬಹುದಲ್ವಾ, ಕರ್ನಲ್‌ಗೆ ಏನ್ ಕೊಬ್ಬು?’ ಅಂತ ಕೇಳಬಹುದು.

ಒಂದು ಪ್ರಯೋಗ ಮಾಡಿ. ಬೋರ್ಡಿಂದ ಸೆಕೆಂಡಿಗೊಂದು ಸಾಲು ಬರೋ ಹಾಗೆ ಕೋಡ್ ಹಾಕಿ. ಎರಡು ಟರ್ಮಿನಲ್ ತೆಗೆದು ಎರಡರಲ್ಲೂ ಅದೇ ಪೋರ್ಟಿಗೆ ಕ್ಯಾಟ್ ಹೊಡೀರಿ. ಎರಡರಲ್ಲೂ ಪೂರ್ತಿ ಬರಲ್ಲ. ಕೆಲವು ಇಲ್ಲಿ, ಕೆಲವು ಅಲ್ಲಿ. ಒಬ್ಬ ಓದಿದ್ದು ಇನ್ನೊಬ್ಬನಿಗಿಲ್ಲ. ಎರರ್ ಕೂಡ ಬರಲ್ಲ, ಅದೇ ಭಯ.

ಇದು ಒಂದೇ ಡ್ರೈವರ್ ಕೆಳಗೆ ಎರಡು ಪ್ರೋಗ್ರಾಮ್. ಇನ್ನು ಎರಡು ಡ್ರೈವರ್ ಅಂದ್ರೆ? ಒಬ್ಬ ವೇಗ 9600 ಅಂತ ಬರೀತಾನೆ, ಇನ್ನೊಬ್ಬ 115200 ಅಂತಾನೆ. ಚಿಪ್‌ನಲ್ಲಿ ವೇಗ ಇಡೋ ಜಾಗ ಒಂದೇ. ಕೊನೆಗೆ ಬರೆದವನ ಮಾತು ನಡೆಯುತ್ತೆ, ಮೊದಲು ಬರೆದವನು ಇನ್ನೂ ತಂದೇ ಸರಿ ಅಂದ್ಕೊಂಡಿರ್ತಾನೆ.

ನಮ್ಮ ಕುಂದಾಣದ ಕಡೆ ಇದನ್ನ ಹೇಳ್ಕೊಡೋಕೆ ಕಂಪ್ಯೂಟರ್ ಬೇಕಿಲ್ಲ. ನದಿ ಇಲ್ಲದ ಸೀಮೆ ನಮ್ಮದು, ಕೆರೆ ನಂಬಿ ಬದುಕಿದವರು. ಕೆರೆ ನೀರು ಬಿಡೋಕೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ, ನಿಮ್ಮ ಅಜ್ಜಿನ ಕೇಳಿ. ತೂಬು ಎತ್ತೋನು ಅವನೇ, ಯಾವ ಗದ್ದೆಗೆ ಯಾವಾಗ ಅಂತ ಸರದಿ ನೋಡೋನು ಅವನೇ. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯ ಅಳೀತಿದ್ರು. ಆ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳ ಮೇಲೆ ಹೊರಿಸಿದ್ದು ಬೇರೆ ಜಗಳ, ಅದನ್ನ ಇನ್ನೊಂದು ದಿನ ಆಡೋಣ. ಇಲ್ಲಿ ಮಾತು ಇಷ್ಟೇ: ಗದ್ದೆ ನೂರಿರಲಿ, ತೂಬಿಗೆ ಕೈ ಹಾಕೋನು ಒಬ್ಬ. ಎಲ್ಲರೂ ಹೋಗಿ ತೂಬು ಎತ್ತಿದ್ರೆ ಅದು ಹಂಚಿಕೆ ಅಲ್ಲ, ಹೊಡೆದಾಟ.

ಡ್ರೈವರ್ ಅಂದ್ರೆ ನೀರುಗಂಟಿ.

4/8

ಹಂಗಂತ ‘ಒಂದು ಡಿವೈಸ್ ಒಬ್ಬನಿಗೇ, ಮಿಕ್ಕವರು ಹೊರಗೆ’ ಅಂತ ಅರ್ಥ ಮಾಡ್ಕೋಬೇಡಿ. ಇದೇ ತಪ್ಪು ಪಾಠ. ದಿನಾ ನಿಮ್ಮ ಕಣ್ಣೆದುರಿಗೇ ಹಂಚಿಕೆ ನಡೀತಿದೆ.

ಹಾಡು ಓಡ್ತಿರುವಾಗಲೇ ಮೀಟಿಂಗ್ ಸದ್ದೂ ಕೇಳುತ್ತೆ. ಸೌಂಡ್ ಕಾರ್ಡ್ ಒಂದೇ. ಪಲ್ಸ್‌ಆಡಿಯೋ ಅಥವಾ ಪೈಪ್‌ವೈರ್ ಮಧ್ಯೆ ಕೂತು ಎಲ್ಲರ ಸದ್ದು ಬೆರೆಸಿ ಕಳಿಸುತ್ತೆ. ಲ್ಯಾಬಲ್ಲಿ ಮೂವತ್ತು ಜನ, ಪ್ರಿಂಟರ್ ಒಂದು. ಕಪ್ಸ್ ಸಾಲಲ್ಲಿ ನಿಲ್ಲಿಸುತ್ತೆ, ಹಾಳೆಗಳು ಒಂದರೊಳಗೊಂದು ಕಲಸಿ ಬರಲ್ಲ.

ನಿಮ್ಮ ವೆಬ್‌ಕ್ಯಾಮ್ ಇನ್ನೂ ಚೆನ್ನಾಗಿದೆ. ವೈರ್ ಒಂದೇ, ಡ್ರೈವರ್ ಎರಡು! ಚಿತ್ರಕ್ಕೆ ಯುವಿಸಿವಿಡಿಯೋ, ಮೈಕಿಗೆ ಎಸ್‌ಎನ್‌ಡಿ-ಯುಎಸ್‌ಬಿ-ಆಡಿಯೋ. ಜಗಳ ಇಲ್ಲ. ಯಾಕಂದ್ರೆ ಆ ಡಿವೈಸೇ ತನ್ನನ್ನ ಇಂಟರ್‌ಫೇಸ್‌ಗಳಾಗಿ ಭಾಗ ಮಾಡಿ ಹೇಳಿರುತ್ತೆ: ಇದು ಚಿತ್ರದ್ದು, ಇದು ಸದ್ದಿನದು. ಪ್ರತಿ ಭಾಗಕ್ಕೆ ಒಬ್ಬ ಯಜಮಾನ.

ಕರ್ನಲ್ ಒಳಗೂ ಅದೇ ನೀತಿ. ಒಂದೇ ಪವರ್ ಚಿಪ್‌ನಲ್ಲಿ ಗಡಿಯಾರ, ವೋಲ್ಟೇಜ್, ಪವರ್ ಬಟನ್ ಎಲ್ಲಾ ಇದ್ರೆ ಎಂಎಫ್‌ಡಿ ಅನ್ನೋ ವ್ಯವಸ್ಥೆಯಲ್ಲಿ ತಾಯಿ ಡ್ರೈವರ್ ಒಬ್ಬಳು ಚಿಪ್ಪನ್ನ ಹಿಡಿದಿರ್ತಾಳೆ, ಮಕ್ಕಳು ಅವಳ ಮೂಲಕ ಕೇಳ್ತಾರೆ. ದೊಡ್ಡ ನೆಟ್‌ವರ್ಕ್ ಕಾರ್ಡ್‌ಗಳನ್ನ ಹೀಗೇ ಪಾಲು ಮಾಡೋಕೆ ಅಂತ 2021ರಲ್ಲಿ ಬಂದ ಲಿನಕ್ಸ್ 5.11ರಲ್ಲಿ ಆಕ್ಸಿಲಿಯರಿ ಬಸ್ ಸೇರಿಸಿದ್ರು.

ನೋಡಿ, ಎಲ್ಲಾ ಕಡೆ ಎರಡೇ ದಾರಿ. ಒಂದೋ ಭಾಗ ಮಾಡಿ ಗುರುತು ಹಾಕು, ಇಲ್ಲಾ ಮಧ್ಯೆ ಒಬ್ಬ ನೀರುಗಂಟಿನ ಕೂರಿಸು. ‘ಪಕ್ಕದವನನ್ನ ಊರು ಬಿಡಿಸು’ ಅನ್ನೋ ಮೂರನೇ ದಾರಿ ಯಾವ ಪುಸ್ತಕದಲ್ಲೂ ಇಲ್ಲ. ಅದು ನಮ್ಮ ಕಾಮೆಂಟ್ ಬಾಕ್ಸಲ್ಲಿ ಮಾತ್ರ ಇದೆ.

5/8

ಸರಿ, ನಾವು ಊರು ಬಿಡಿಸಿದ ಆ ಬಿಆರ್‌ಎಲ್‌ಟಿಟಿವೈ ಯಾರು? ನಾನು ಅದನ್ನ ಯಾವುದೋ ಕಸ ಅಂದ್ಕೊಂಡಿದ್ದೆ.

ಬಿಆರ್‌ಎಲ್ ಅಂದ್ರೆ ಬ್ರೈಲ್. ಕಣ್ಣು ಕಾಣದವರು ಬೆರಳಲ್ಲಿ ಓದೋ ಬ್ರೈಲ್ ಡಿಸ್‌ಪ್ಲೇಗೆ ಸ್ಕ್ರೀನ್ ಮೇಲಿನ ಅಕ್ಷರ ಮುಟ್ಟಿಸೋ ಪ್ರೋಗ್ರಾಮ್ ಅದು. 1995ರಿಂದ ಇದೆ. ನಮ್ಮಲ್ಲಿ ಎಷ್ಟೋ ಜನರಿಗಿಂತ ವಯಸ್ಸಲ್ಲಿ ದೊಡ್ಡದು.

‘ನಮಗೆ ಬೇಡದ್ದನ್ನ ಯಾಕೆ ಮೊದಲೇ ತುಂಬಿ ಕೊಡ್ತಾರೆ?’ ಯೋಚನೆ ಮಾಡಿ. ಸ್ಕ್ರೀನ್ ಕಾಣದವರು ‘ಬ್ರೈಲ್ ಬೇಕು’ ಅನ್ನೋ ಬಟನ್ ಹುಡುಕಿ ಒತ್ತೋದು ಹೇಗೆ? ಚುಚ್ಚಿದ ತಕ್ಷಣ ತಾನಾಗೇ ಏಳಬೇಕು. ಅದಕ್ಕೇ ಅದು ಮೊದಲಿಂದಲೇ ಇರೋದು, ಅದಕ್ಕೇ ಅಷ್ಟು ಆತುರದಲ್ಲಿ ಡಿವೈಸ್ ಹಿಡ್ಕೊಳ್ಳೋದು.

ಹಾಗಾದ್ರೆ ನಮ್ಮ ಬೋರ್ಡ್ ಯಾಕೆ ಹಿಡೀತು? 20 ಕೋಶಗಳ ಒಂದು ಬ್ರೈಲ್ ಡಿಸ್‌ಪ್ಲೇ ಮಾಡಿದವರೂ ಇದೇ ಸಿಎಚ್340 ಚಿಪ್ ಹಾಕಿ, ಚಿಪ್ಪಿನ ನಂಬರನ್ನೇ ಹಾಗೇ ಬಿಟ್ಟಿದ್ರು. ನಮ್ಮ ಬೋರ್ಡ್ ಮಾಡಿದವರೂ ಹಾಗೇ ಬಿಟ್ಟಿದ್ರು. ಊರಲ್ಲಿ ಎಲ್ಲಾ ಮನೆಗೂ ಒಂದೇ ಡೋರ್ ನಂಬರ್ ಹಾಕಿದ್ರೆ ಪೋಸ್ಟ್‌ಮ್ಯಾನ್ ಏನ್ ಮಾಡ್ತಾನೆ? ಸಿಎಚ್340ಜಿ ಚಿಪ್ಪಲ್ಲಿ ಬೇರೆ ಗುರುತು ಬರೆಯೋಕೆ ಜಾಗವೇ ಇಲ್ಲ. ಎರಡು ಬೋರ್ಡ್ ಒಟ್ಟಿಗೆ ಚುಚ್ಚಿದ್ರೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗಲ್ಲ ಅಲ್ವಾ? ಅದಕ್ಕೂ ಇದೇ ಕಾರಣ.

ಅಂದ್ರೆ ತಪ್ಪು ಯಾರದು? ಎಲ್ಲರಿಗೂ ಒಂದೇ ನಂಬರ್ ಕೊಟ್ಟ ಅಗ್ಗದ ಲೆಕ್ಕಾಚಾರದ್ದು. ಇಷ್ಟು ಸಾಮಾನ್ಯ ನಂಬರನ್ನ ‘ಬ್ರೈಲ್’ ಅಂತ ಖಡಾಖಂಡಿತವಾಗಿ ಬರೆದ ಆ ಒಂದು ನಿಯಮದ್ದೂ ಹೌದು, ಅದನ್ನ ನಾನು ಮುಚ್ಚಿಡಲ್ಲ. ಶಿಕ್ಷೆ ಯಾರಿಗಾಯ್ತು? ಕಣ್ಣು ಕಾಣದ ವಿದ್ಯಾರ್ಥಿಗೆ.

6/8

ಇದು ಬರೀ ಮಾತಾಗಿದ್ರೆ ನಾನು ಎಂಟು ಪೋಸ್ಟ್ ಹಾಕ್ತಿರಲಿಲ್ಲ.

ಲ್ಯಾಬ್ ನೋಡೋಕೆ ಒಂದು ಹುಡುಗಿ ಅವರಪ್ಪನ ಜೊತೆ ಬಂದಿದ್ಲು. ಕೋರ್ಸ್ ಸೇರೋದಾ ಬೇಡ್ವಾ ಅಂತ ತೀರ್ಮಾನ ಮಾಡೋಕೆ. ಬ್ಯಾಗಿಂದ ಒಂದು ಬ್ರೈಲ್ ಡಿಸ್‌ಪ್ಲೇ ತೆಗೆದ್ಲು. ‘ಉಬುಂಟು ಅಂದ್ರಲ್ಲ, ಚುಚ್ಚಿದ್ರೆ ಬರುತ್ತೆ’ ಅಂದು ತಾನೇ ತಡವಿ ಪೋರ್ಟ್ ಹುಡುಕಿ ಚುಚ್ಚಿದ್ಲು. ಬೆರಳುಗಳನ್ನ ಅದರ ಮೇಲೆ ಇಟ್ಕೊಂಡು ಕಾದ್ಲು.

ಒಂದು ಚುಕ್ಕಿ ಕೂಡ ಏಳಲಿಲ್ಲ.

ಪಕ್ಕದ ಮೆಷಿನ್ ನೋಡೋಣ ಅಂದ್ಲು. ಅಲ್ಲೂ ಇಲ್ಲ. ಮೂರನೇದ್ರಲ್ಲೂ ಇಲ್ಲ. ಹನ್ನೆರಡರಲ್ಲೂ ಬರಲ್ಲ ಅಂತ ಆ ರೂಮಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ನಾನೇನ್ ಹೇಳ್ದೆ ಗೊತ್ತಾ? ‘ಕೇಬಲ್ ಲೂಸ್ ಇರ್ಬೇಕು’ ಅಂದೆ.

ಅವಳು ಕೇಬಲ್ ಸುತ್ತಿ ಬ್ಯಾಗಿಗೆ ಹಾಕ್ಕೊಂಡ್ಲು. ಅವರಪ್ಪ ‘ಪರವಾಗಿಲ್ಲ ಬಿಡಿ ಸಾರ್’ ಅಂದ್ರು, ನನಗೆ, ಸಾರ್ ಅಂತ. ಅವಳು ಸೇರಲಿಲ್ಲ. ಬೇರೆ ಕಾರಣವೂ ಇರಬಹುದು. ಆದ್ರೆ ಒಂದು ಕಾರಣ ನನ್ನ ಕೈಯಿಂದ ಟೈಪ್ ಆಗಿತ್ತು.

7/8

ಈಗ ನೀವು ಹೇಳೋದೆಲ್ಲಾ ನನಗೆ ಗೊತ್ತು. ನಾನೂ ಹೇಳ್ಕೊಂಡಿದ್ದೆ.

‘ನಮ್ಮ ಲ್ಯಾಬಲ್ಲಿ ಅಂಥವರು ಯಾರೂ ಇಲ್ವಲ್ಲ.’ ಮೆಟ್ಟಿಲು ಮಾತ್ರ ಇರೋ ಕಟ್ಟಡದಲ್ಲಿ ನಿಂತು, ವೀಲ್‌ಚೇರ್‌ನವರು ಯಾರೂ ಮೇಲೆ ಬಂದೇ ಇಲ್ಲ ಅಂದ ಹಾಗಾಯ್ತು ಇದು. ಬರೋ ದಾರಿ ಕಿತ್ತವರು ನಾವೇ.

‘ಒಬ್ಬರಿಗೋಸ್ಕರ ಮೂವತ್ತು ಜನ ಪ್ರಾಜೆಕ್ಟ್ ಬಿಡ್ಬೇಕಾ?’ ಬೇಡ. ಯಾರು ಕೇಳಿದ್ರು? ಜಗಳ ಆಗ್ತಿರೋದು ಒಂದು ನಂಬರಿಗೆ, ಒಂದು ಸಾಲಲ್ಲಿ. ನಾವು ತೆಗೆದದ್ದು ಇಡೀ ಪ್ಯಾಕೇಜು. ಬೇರೆ ನಂಬರಿನ ಎಲ್ಲಾ ಬ್ರೈಲ್ ಡಿಸ್‌ಪ್ಲೇಗಳೂ ಅದರ ಜೊತೆ ಹೋದ್ವು. ಅವಕ್ಕೂ ನಮ್ಮ ಬೋರ್ಡಿಗೂ ಸಂಬಂಧವೇ ಇಲ್ಲ. ಇದು ಒಬ್ಬರು ಮತ್ತು ಮೂವತ್ತು ಜನರ ಮಧ್ಯದ ಲೆಕ್ಕ ಅಲ್ಲ. ಒಂದು ನಿಮಿಷ ಓದೋದಕ್ಕೂ ಓದದೇ ಇರೋದಕ್ಕೂ ಇರೋ ವ್ಯತ್ಯಾಸ.

‘ಬೇಕಾದವರು ಆಮೇಲೆ ಇನ್‌ಸ್ಟಾಲ್ ಮಾಡ್ಕೊಳ್ಲಿ.’ ಯಾವ ಸ್ಕ್ರೀನ್ ನೋಡ್ಕೊಂಡು ಗುರು? ಯಾವ ಲ್ಯಾಬ್ ಪಾಸ್‌ವರ್ಡ್ ಇಟ್ಕೊಂಡು?

ಮತ್ತೆ ಇದು ದಯೆ ದಾಕ್ಷಿಣ್ಯದ ಮಾತೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಎಲ್ಲರ ಕೈಗೆ ಎಟುಕಬೇಕು ಅನ್ನೋದರ ಬಗ್ಗೆಯೇ ಇದೆ. ಹಕ್ಕು ಅದು. ನಾವು ಶಿಳ್ಳೆ ಹೊಡೀತಾ ಅಳಿಸಿದ್ದು ಅದನ್ನ.

8/8

ಹಾಗಾದ್ರೆ ಏನ್ ಮಾಡ್ಬೇಕು? ಬೈದು ಬಿಟ್ಟುಹೋಗಲ್ಲ, ಹೇಳ್ತೀನಿ.

ಯುಎಸ್‌ಆರ್, ಲಿಬ್, ಯುಡೆವ್, ರೂಲ್ಸ್.ಡಿ ಫೋಲ್ಡರ್ ಒಳಗೆ 85 ನಂಬರಿಂದ ಶುರುವಾಗೋ ಬಿಆರ್‌ಎಲ್‌ಟಿಟಿವೈ ರೂಲ್ಸ್ ಫೈಲ್ ಇದೆ. ಅದನ್ನ ಅದೇ ಹೆಸರಲ್ಲಿ ಇಟಿಸಿ, ಯುಡೆವ್, ರೂಲ್ಸ್.ಡಿ ಫೋಲ್ಡರಿಗೆ ಕಾಪಿ ಮಾಡಿ. ಒಂದೇ ಹೆಸರಿದ್ರೆ ಇಟಿಸಿ ಒಳಗಿನದೇ ನಡೆಯೋದು, ಅಪ್‌ಡೇಟ್ ಬಂದ್ರೂ ನಿಮ್ಮ ಬದಲಾವಣೆ ಅಳಿಯಲ್ಲ. ಕಾಪಿಯಲ್ಲಿ 1ಎ86, 7523 ಇರೋ ಸಾಲು ಹುಡುಕಿ, ಮುಂದೆ ಒಂದು ಹ್ಯಾಶ್ ಹಾಕಿ. ಸೇವ್ ಮಾಡಿ, ಯುಡೆವ್ ನಿಯಮ ರೀಲೋಡ್ ಮಾಡಿ, ಬೋರ್ಡ್ ಕಿತ್ತು ಮತ್ತೆ ಚುಚ್ಚಿ. ಪೋರ್ಟ್ ಬರುತ್ತೆ. ಬ್ರೈಲೂ ಉಳಿಯುತ್ತೆ.

ಆ 20 ಕೋಶದ ಒಂದು ಮಾಡೆಲ್ ಮಾತ್ರ ತಾನಾಗೇ ಏಳಲ್ಲ. ಅದನ್ನ ಕೈಯಿಂದ ಶುರು ಮಾಡ್ಬೇಕು. ಹಾಗಂತ ಒಂದು ಚೀಟಿ ಬರೆದು ಲ್ಯಾಬ್ ನೋಡ್ಕೊಳ್ಳೋರ ಕೈಗೇ ಕೊಡಿ, ಬಾಯಲ್ಲೂ ಹೇಳಿ. ಗೋಡೆಗೆ ಅಂಟಿಸಿದ್ರೆ ಓದಬೇಕಾದವರಿಗೆ ಕಾಣಲ್ಲ.

ಈಗಾಗಲೇ ರಿಮೂವ್ ಮಾಡಿದ್ದೀರಾ? ಅದೇ ಆಪ್ಟ್‌ನಲ್ಲಿ ರಿಮೂವ್ ಬದಲು ಇನ್‌ಸ್ಟಾಲ್ ಅಂತ ಹೊಡೀರಿ, ಆಮೇಲೆ ಮೇಲಿನದು ಮಾಡಿ. ನಾನು ಹನ್ನೆರಡು ಮೆಷಿನ್‌ಗೂ ಮಾಡ್ದೆ. ಒಂದು ಮಧ್ಯಾಹ್ನ ಹಿಡೀತು. ಶಿಳ್ಳೆ ಹೊಡೀಲಿಲ್ಲ.

ರೀಲ್ಸ್ ಮಾಡೋ ಅಣ್ಣಂದಿರೇ, ಅಕ್ಕಂದಿರೇ, ‘ಪೋರ್ಟ್ ಬರ್ತಿಲ್ವಾ? ಈ ಒಂದು ಕಮಾಂಡ್ ಸಾಕು’ ಅಂತ ವಿಡಿಯೋ ಹಾಕಿದ್ರೆ ಅದಕ್ಕೆ ಒಂದು ಕಾಮೆಂಟ್ ಪಿನ್ ಮಾಡಿ. ವ್ಯೂಸ್ ಕಮ್ಮಿ ಆಗಲ್ಲ.

ಇನ್ಮೇಲೆ ಒಂದು ಡಿವೈಸಿಗೆ ಇಬ್ಬರು ಕಿತ್ತಾಡ್ತಿದ್ರೆ ‘ಯಾರನ್ನ ಓಡಿಸಲಿ’ ಅಂತ ಶುರು ಮಾಡ್ಬೇಡಿ. ‘ಯಾರು ಇವರು, ಯಾಕೆ ಬಂದ್ರು, ಯಾವ ಸಾಲಿಗೆ ಜಗಳ’ ಅಂತ ಕೇಳಿ. ಡಿಮೆಸೆಜ್ ಓದಿ.

ಆ ಹುಡುಗಿ ಇದನ್ನ ಯಾರ ಬಾಯಲ್ಲಾದ್ರೂ ಕೇಳಿಸ್ಕೊಂಡ್ರೆ: ಕೇಬಲ್ ಲೂಸ್ ಇರಲಿಲ್ಲಮ್ಮ. ಈಗ ಬಂದು ಚುಚ್ಚು, ಚುಕ್ಕಿ ಏಳುತ್ತೆ.

ಸೇವ್ ಮಾಡ್ಕೊಳ್ಳಿ, ಜೂನಿಯರ್‌ಗೆ ಕಳಿಸಿ. ನಿಮ್ಮ ಲ್ಯಾಬಲ್ಲಿ ಎಷ್ಟು ಮೆಷಿನ್ ಸರಿ ಮಾಡಿದ್ರಿ ಅಂತ ಕೆಳಗೆ ಬರೀರಿ.

#ಕುಂದಾಣ #ದೇವನಹಳ್ಳಿಹುಡುಗ್ರು #ಲಿನಕ್ಸ್‌ಕನ್ನಡ #ಡಿಮೆಸೆಜ್‌ಓದಿ #ಬ್ರೈಲ್‌ಉಳಿಸಿ